ಸುಧಾರಾಣಿ ಮೇಡಂ ಅವರ ಶನಿವಾರದ ಕ್ಲಾಸು

ಸಿರುಗುಪ್ಪ ತಾಲ್ಲೂಕಿನ ರಾರಾವಿಯಲ್ಲಿ ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ದುರುಗಮ್ಮನ ಮನೆಯಲ್ಲಿ ಆಗಲೇ ಒಲೆ ಹೊತ್ತಿದೆ. ಅನ್ನ ಬಸಿದಾಗಿದೆ, ಪುಂಡಿಪಲ್ಯ, ಹೆಸರುಕಾಳು ಕುದಿಯುತ್ತಿವೆ. ಅಡುಗೆಮನೆಯ ಹೊಸ್ತಿಲ ಪಕ್ಕ ಹಾಸಿದ ಚಾಪೆಯ ಮೇಲೆ ಮೂವರು ಯುವತಿಯರು ಕಾಲು ಮಡಚಿ ಕೂತಿದ್ದಾರೆ. ಮೂವರೂ ಮಧುಮೇಹಿಗಳಿಗೆ ಊಟದ ಸಲಹೆ ಕೊಡುವ ಆಹಾರ ತಜ್ಞೆಯರು. ಒಬ್ಬರು ಬಳ್ಳಾರಿಯವರು, ಒಬ್ಬರು ಸಿರುಗುಪ್ಪದವರು, ಮತ್ತೊಬ್ಬರು ಕುರುಗೋಡಿನ ಸೌಂದರ್ಯ. ಅವರನ್ನೂ, ಬರೆಯಲೆಂದು ಜೊತೆಗೆ ಬಂದ ನನ್ನನ್ನೂ ನಸುಕಿನಲ್ಲೇ ಇಲ್ಲಿಗೆ ಕರೆತಂದ ಸುಧಾರಾಣಿ ಗೋಡೆಗೆ ಒರಗಿ ನಿಂತು ಮೆಲ್ಲಗೆ ಹೇಳುತ್ತಾರೆ: “ಯಾರೂ ಬುದ್ಧಿ ಹೇಳಾಕ ಹೋಗಬ್ಯಾಡ್ರಿ. ಮೊದ್ಲು ಸುಮ್ನ ನೋಡ್ರಿ.”

ದುರುಗಮ್ಮನಿಗೆ ಐವತ್ತರ ಆಸುಪಾಸು. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತೆಗೆದುಕೊಳ್ಳುತ್ತಾರೆ. ಮನೆಯಲ್ಲಿ ಫ್ರಿಜ್ ಇಲ್ಲ. ಒದ್ದೆ ಮರಳಿನಲ್ಲಿ ಕೂರಿಸಿದ ಪುಟ್ಟ ಮಡಕೆಯಿಂದ ಔಷಧಿ ತೆಗೆದು, ಹೊಟ್ಟೆಗೆ ಸೂಜಿ ಚುಚ್ಚಿಕೊಂಡು, ಬುತ್ತಿ ಕಟ್ಟಲು ಕೂರುತ್ತಾರೆ. ಭತ್ತದ ನಾಟಿ ಜೋರಾಗಿ ನಡೆದಿರುವ ಸಮಯ. ಹೆಣ್ಣಾಳುಗಳನ್ನು ಕರೆದೊಯ್ಯುವ ಟ್ರ್ಯಾಕ್ಟರ್ ಇನ್ನೇನು ಬರಬೇಕು.

“ಊಟ ಎಷ್ಟೊತ್ತಿಗಿ ಮಾಡ್ತೀರಮ್ಮಾ?” ಸೌಂದರ್ಯ ಕೇಳುತ್ತಾರೆ.

“ಎರಡು ಮಡಿ ನಾಟಿ ಹಚ್ಚಿದ ಮ್ಯಾಲೆ. ಒಂಬತ್ತೂವರಿ, ಹತ್ತು ಆಗ್ತೈತಿ.”

“ಸೂಜಿ ಈಗ ಹಾಕ್ಕೊಂಡ್ರಿ. ಅಲ್ಲೀತನಕ ಏನೂ ತಿನ್ನಂಗಿಲ್ಲೇನು?”

“ಚಾ ಕುಡೀತೀನಿ. ಸಕ್ರಿ ಹಾಕಂಗಿಲ್ಲ. ದವಾಖಾನಿಯಾಗ ಹೇಳ್ಯಾರಲ್ಲ!”

ಮೂವರೂ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಗದ್ದೆಯಲ್ಲಿ ಆಗಾಗ ಕಣ್ಣಿಗೆ ಕತ್ತಲೆ ಬರುತ್ತದೆ, ಕೈ ನಡುಗುತ್ತದೆ ಎಂದು ದುರುಗಮ್ಮ ದವಾಖಾನೆಗೆ ಬಂದಾಗೆಲ್ಲ ಹೇಳುತ್ತಲೇ ಇದ್ದರು. ಬಿಸಿಲಿಗೆ ಎಂದು ಎಲ್ಲರೂ ಅಂದುಕೊಂಡಿದ್ದರು. ಸೂಜಿ ಚುಚ್ಚಿಕೊಂಡು ಮೂರು ತಾಸು ಬರಿಹೊಟ್ಟೆಯಲ್ಲಿ ಬಗ್ಗಿ ಕೆಲಸ ಮಾಡಿದರೆ ರಕ್ತದ ಸಕ್ಕರೆ ಕುಸಿಯದೆ ಇನ್ನೇನಾದೀತು?

ಹೊರಗೆ ಹಾರ್ನ್ ಕೇಳುತ್ತದೆ. ಸುಧಾರಾಣಿ ಅಂಗಳಕ್ಕೆ ಹೋಗಿ, “ಒಂದೀಟು ನಿಂದ್ರಪ್ಪಾ, ಅಮ್ಮ ಉಂಡು ಬರ್ತಾಳ” ಎಂದು ಟ್ರ್ಯಾಕ್ಟರ್ ತಡೆಯುತ್ತಾರೆ. ಒಳಗೆ ಸೌಂದರ್ಯ ತಟ್ಟೆ ಇಟ್ಟು, ಹಿಡಿತದಲ್ಲಿ ಅನ್ನ, ಧಾರಾಳವಾಗಿ ಪಲ್ಯ, ಹೆಸರುಕಾಳು ಬಡಿಸುತ್ತಾರೆ. ನಾಳೆಯಿಂದ ತಟ್ಟೆ ಮುಂದಿಟ್ಟುಕೊಂಡ ಮೇಲೇ ಸೂಜಿ. ಕಣ್ಣಿಗೆ ಕತ್ತಲೆ ಬಂದರೆ ಬಾಯಿಗೆ ಹಾಕಿಕೊಳ್ಳಲು ಸೆರಗಿನ ತುದಿಯಲ್ಲಿ ಸಕ್ಕರೆಯ ಪೊಟ್ಟಣ. ಔಷಧಿಯ ಪ್ರಮಾಣ ಬದಲಿಸಬೇಕೇ ಎಂಬುದನ್ನು ಮಾತ್ರ ವೈದ್ಯರೇ ಹೇಳಬೇಕು. ಸೌಂದರ್ಯ ಅಲ್ಲಿಂದಲೇ ಫೋನ್ ಮಾಡಿ ಸೋಮವಾರಕ್ಕೆ ಸಮಯ ಗೊತ್ತು ಮಾಡುತ್ತಾರೆ.

ಟ್ರ್ಯಾಕ್ಟರ್ ಹೊರಟ ಮೇಲೆ ಸುಧಾರಾಣಿ ಚಾಪೆಯ ಮೇಲೆ ಕೂರುತ್ತಾರೆ. “ದವಾಖಾನಿಯಾಗ ಕುಂತು ‘ಏನ್ ಉಣ್ತೀರಿ’ ಅಂತ ಕೇಳೋದು ಅರ್ಧ ಕೆಲ್ಸ. ‘ಯಾವಾಗ ಉಣ್ತೀರಿ’ ಅಂತ ಕೇಳಿದ್ರ ಪೂರ್ತಿ. ಇದು ಇವತ್ತಿನ ಮೊದ್ಲ ಪಾಠ.”

ಬಳ್ಳಾರಿಯ ಗಾಂಧಿನಗರದ ಒಂದು ಮಧುಮೇಹ ಕ್ಲಿನಿಕ್ಕಿನಲ್ಲಿ ಸುಧಾರಾಣಿ ಕೆಲಸ ಮಾಡುತ್ತಾರೆ. ವಯಸ್ಸು ನಲವತ್ತಮೂರು. ದಿನಕ್ಕೆ ಮೂವತ್ತರಷ್ಟು ಮಂದಿಯನ್ನು ಮಾತಾಡಿಸುತ್ತಾರೆ. ಜೀನ್ಸ್ ಹೊಲಿಯುವವರು, ಲಾರಿ ಚಾಲಕರು, ಅಂಗಡಿ ಸಾಹುಕಾರರು, ಗಡಿಯಾಚೆಯಿಂದ ಬರುವ ತೆಲುಗಿನವರು. ಎದುರಿಗಿದ್ದವರ ಭಾಷೆಗೆ ಇವರ ಮಾತೂ ಹೊರಳುತ್ತದೆ. ಇಷ್ಟೇ ಆಗಿದ್ದರೆ ಅವರನ್ನು ಒಬ್ಬ ಒಳ್ಳೆಯ ಉದ್ಯೋಗಿ ಎಂದು ಹೊಗಳಿ ಸುಮ್ಮನಾಗಬಹುದಿತ್ತು. ಆದರೆ ತಿಂಗಳಿಗೊಂದು ಶನಿವಾರ ಅವರು ತಮ್ಮದೇ ವೃತ್ತಿಯವರಿಗೆ ಕ್ಲಾಸು ನಡೆಸುತ್ತಾರೆ. ಯಾರೂ ಹೇಳಿದ ಕೆಲಸವಲ್ಲ. ಸುದ್ದಿಯೂ ಆಗಿಲ್ಲ.

ಹುಟ್ಟಿದ್ದು ಕುರುಗೋಡಿನಲ್ಲಿ. ಇವರು ಹೈಸ್ಕೂಲಿನಲ್ಲಿದ್ದಾಗ ತಾಯಿ ದಾಕ್ಷಾಯಣಮ್ಮನಿಗೆ ಸಕ್ಕರೆ ಕಾಯಿಲೆ ಎಂದು ಗೊತ್ತಾಯಿತು. ಬಂದವರೆಲ್ಲ ಒಂದೊಂದು ಬಿಡಲು ಹೇಳಿದರು. ಅನ್ನ, ಹಣ್ಣು, ಹೋಳಿಗೆ ಹೋದವು. ಕೊನೆಗೆ ಮದುವೆ ಮನೆಗಳಿಗೆ ಹೋಗುವುದನ್ನೂ ತಾಯಿ ಬಿಟ್ಟರು. “ಪಂಕ್ತಿಯಾಗ ಕುಂತ್ರ ಎಲ್ಲಾರೂ ನನ್ನ ಎಲಿ ನೋಡ್ತಾರ ಅಂತಿದ್ಲು ನಮ್ಮವ್ವ. ರೋಗಕ್ಕಿಂತ ಆ ನಾಚಿಕಿನ ಆಕಿನ್ನ ತಿಂತು,” ಎನ್ನುತ್ತಾರೆ ಮಗಳು. ಆಹಾರ ವಿಜ್ಞಾನ ಓದಬೇಕೆಂದು ಅವರು ಹಟ ಹಿಡಿದದ್ದು ಅದಕ್ಕೇ. ದಾಕ್ಷಾಯಣಮ್ಮನಿಗೆ ಈಗ ಎಪ್ಪತ್ತು ದಾಟಿದೆ. ಹಬ್ಬಕ್ಕೆ ಅರ್ಧ ಹೋಳಿಗೆ ಉಣ್ಣುತ್ತಾರೆ, ಅವತ್ತು ಅನ್ನದ ಪಾಲು ಕಡಿಮೆ ಮಾಡುತ್ತಾರೆ. ಮದುವೆಗಳಿಗೂ ಹೋಗುತ್ತಾರೆ.

ಓದು ಮುಗಿಸಿ ಮೊದಲು ಸೇರಿದ ಆಸ್ಪತ್ರೆಯಲ್ಲಿ ಇವರ ಮೇಜು ಮೆಟ್ಟಿಲ ಕೆಳಗಿತ್ತು. ವಾರ್ಡಿಗೆ ಗಂಜಿ ಹೋಯಿತೇ ಎಂದು ನೋಡುವುದೇ ಮುಖ್ಯ ಕೆಲಸ. ವರ್ಷಗಳು ಹೀಗೇ ಕಳೆದವು. ಅಷ್ಟರಲ್ಲಿ ಹೊಸ ಬಗೆಯ ಇನ್ಸುಲಿನ್ ಬಂತು, ಹೊಸ ಗುಳಿಗೆಗಳು ಬಂದವು, ತೋಳಿಗೆ ಅಂಟಿಸಿಕೊಂಡರೆ ಸಕ್ಕರೆಯ ಏರಿಳಿತವನ್ನು ಮೊಬೈಲಿನಲ್ಲಿ ಗೆರೆಯಾಗಿ ತೋರಿಸುವ ಬಿಲ್ಲೆಯೂ ಬಂತು. “ರೋಗಿಗಳು ಮೊಬೈಲ್ ತೋರ್ಸಿ ‘ಈ ಗೆರಿ ಯಾಕ ಮ್ಯಾಲೆ ಹೋಗೈತ್ರಿ’ ಅಂತ ಕೇಳಾಕ ಶುರು ಮಾಡಿದ್ರು. ನನಗ ಉತ್ತರ ಬರ್ತಿದ್ದಿಲ್ಲ. ಕಾಲೇಜಿನ ಪುಸ್ತಕದಾಗ ಅದು ಇದ್ದಿಲ್ಲ,” ಎಂದು ನೆನೆಯುತ್ತಾರೆ.

ಗಾಂಧಿನಗರದ ಕ್ಲಿನಿಕ್ಕಿಗೆ ಬಂದ ಮೇಲೆ, ನಲವತ್ತರ ಹೊಸ್ತಿಲಲ್ಲಿ, ಮಧುಮೇಹ ಶಿಕ್ಷಕರ ತರಬೇತಿಗೆ ಹೆಸರು ಹಚ್ಚಿದರು. ಪಾಠವೆಲ್ಲ ಆನ್‌ಲೈನ್. ವಾರಕ್ಕೆರಡು ದಿನ ಸಿರುಗುಪ್ಪದ ಮಧುಮೇಹ ಶಿಬಿರಕ್ಕೆ ಹೋಗುವ ಬಸ್ಸೇ ಓದುವ ಕೋಣೆ. ಜೀನ್ಸ್ ಘಟಕಗಳಿಗೆ ದಾರ, ಜಿಪ್ ಮಾರುವ ಗಂಡ ಸಿದ್ದಲಿಂಗೇಶ್ ಆ ವರ್ಷ ರೊಟ್ಟಿ ತಟ್ಟಲು ಕಲಿತರು. ಪರೀಕ್ಷೆಯಲ್ಲಿ ಸುಧಾರಾಣಿ ಮೊದಲ ಸಲ ಇನ್ಸುಲಿನ್ ವಿಷಯದಲ್ಲೇ ಫೇಲಾದರು. “ಮನಿಗಿ ಬಂದು ಮುಸುಕು ಹೊದ್ದು ಮಲಗಿದ್ದೆ. ಇವ್ರು ರೊಟ್ಟಿ ಮಾಡಿ ಎಬ್ಬಿಸಿದ್ರು. ಅದು ಆಂಧ್ರದ ನಕ್ಷೆ ಇದ್ದಂಗಿತ್ತು. ನಗು ಬಂತು. ಎದ್ದು ಮತ್ತ ಓದಾಕ ಕುಂತೆ.” ಎರಡನೆಯ ಸಲ ಪಾಸಾದರು.

ಕಲಿತದ್ದನ್ನು ತಮ್ಮೊಬ್ಬರಲ್ಲೇ ಇಟ್ಟುಕೊಳ್ಳಲು ಮನಸ್ಸಾಗಲಿಲ್ಲ. ಜಿಲ್ಲೆಯ ಸಣ್ಣ ಕ್ಲಿನಿಕ್ಕುಗಳಲ್ಲಿ ಒಂಟಿಯಾಗಿ ಕೆಲಸ ಮಾಡುವ, ಸಂದೇಹ ಬಂದರೆ ಕೇಳಲು ಯಾರೂ ಇಲ್ಲದ ಎಳೆಯ ಆಹಾರ ತಜ್ಞೆಯರು ಇದ್ದರು. ಅವರಿಗೆಲ್ಲ ಫೋನ್ ಮಾಡಿದರು. ಮೊದಲ ಶನಿವಾರ ಬಂದವರು ಇಬ್ಬರೇ. ಕ್ಲಿನಿಕ್ಕಿನ ಹಿರಿಯ ವೈದ್ಯ ಡಾ. ಗವಿಸಿದ್ದಪ್ಪ ಬಾಗಿಲಲ್ಲಿ ಇಣುಕಿ, “ಇಬ್ರಿಗೇ ಕ್ಲಾಸೇನ್ರಿ?” ಎಂದರು. “ನೀವು ಬಂದ್ರ ಮೂವರಾಗ್ತಾರ ಸರ್,” ಎಂದರು ಸುಧಾರಾಣಿ. ವೈದ್ಯರು ನಕ್ಕು, ಕುರ್ಚಿ ಎಳೆದುಕೊಂಡು ಕೂತರು. ಅಂದಿನಿಂದ ಔಷಧಿಯ ಪಾಠ ಅವರದು, ತಟ್ಟೆಯ ಪಾಠ ಇವರದು. ಈಗ ಹದಿನಾರು ಮಂದಿ ಬರುತ್ತಾರೆ.

ಕ್ಲಾಸಿನಲ್ಲಿ ಭಾಷಣ ಕಡಿಮೆ. ಒಮ್ಮೆ ಸುಧಾರಾಣಿ ತಮ್ಮ ತೋಳಿಗೇ ಬಿಲ್ಲೆ ಅಂಟಿಸಿಕೊಂಡು ಎರಡು ವಾರ ಬಳ್ಳಾರಿಯ ಊಟ ಉಂಡರು. ಹಗುರ ಎಂದು ಎಲ್ಲರೂ ನಂಬಿದ, ಮಂಡಕ್ಕಿಯಿಂದ ಮಾಡುವ ಮಂಡಾಳು ಒಗ್ಗರಣೆಗೆ ಗೆರೆ ಸರ್ರನೆ ಏರಿತು. ಅದನ್ನೇ ಅರ್ಧ ಮಾಡಿ, ಶೇಂಗಾ, ಮೊಳಕೆಕಾಳು ಬೆರೆಸಿ ತಿಂದಾಗ ಅಷ್ಟು ಏರಲಿಲ್ಲ. ಆ ಎರಡೂ ಗೆರೆಗಳನ್ನು ಗೋಡೆಯ ಮೇಲೆ ತೋರಿಸಿದರು. “ಅನ್ನ ಬಿಡ್ರಿ ಅಂದ್ರ ಸಿರುಗುಪ್ಪದಾಗ ಯಾರು ಕೇಳ್ತಾರ? ಭತ್ತ ಬೆಳಿಯೋರ ಮುಂದ ಓಟ್ಸ್ ಕತಿ ಹೇಳಿದ್ರ ಎದ್ದು ಹೋಗ್ತಾರ. ಅವ್ರ ತಟ್ಟೀನ ನಮ್ಮ ಪುಸ್ತಕ ಆಗ್ಬೇಕು.”

ಇನ್ನೊಂದು ಅಭ್ಯಾಸವಿದೆ. ಸುಧಾರಾಣಿಯೇ ರೋಗಿಯಾಗಿ ಕೂರುತ್ತಾರೆ. ಸಿಟ್ಟು ಮಾಡುತ್ತಾರೆ, ಸುಳ್ಳು ಹೇಳುತ್ತಾರೆ, ನಾಲಗೆ ತೊದಲಿಸುತ್ತಾರೆ. ಎದುರಿಗಿರುವ ಹುಡುಗಿ ಏನಾಗಿದೆ ಎಂದು ಗುರುತಿಸಿ, ಮುಂದಿನ ಹೆಜ್ಜೆ ಹೇಳಬೇಕು. ಮೊದಮೊದಲು ಎಲ್ಲರೂ ನಗುತ್ತಿದ್ದರು. ಕಳೆದ ಶ್ರಾವಣದಿಂದ ಯಾರೂ ನಗುವುದಿಲ್ಲ.

ಆ ಶ್ರಾವಣ ಶನಿವಾರ ಸೌಂದರ್ಯ ಕುರುಗೋಡಿನ ಬಸ್ ನಿಲ್ದಾಣಕ್ಕೆ ಹೊರಟಿದ್ದರು. ಮನಸ್ಸಿನಲ್ಲಿ ಬೇರೆಯದೇ ಇತ್ತು. “ಆವತ್ತು ಕ್ಲಾಸಿಗಿ ಹೋಗಿ, ‘ಅಕ್ಕಾ, ನಾ ಈ ಕೆಲ್ಸ ಬಿಡ್ತೀನಿ’ ಅಂತ ಹೇಳೋಳಿದ್ದೆ. ಬಂದೋರೆಲ್ಲ ‘ಊಟದ್ದು ನಮಗ ಗೊತ್ತೈತಿ, ಡಾಕ್ಟರ್ನ ಕರೀರಿ’ ಅಂತಿದ್ರು. ಯಾತಕ್ಕ ಓದಿದೆನೋ ಅನ್ನಿಸ್ಬಿಟ್ಟಿತ್ತು,” ಎನ್ನುತ್ತಾರೆ.

ದಾರಿಯಲ್ಲಿ ಚಿನ್ನಪ್ಪನ ಮಿರ್ಚಿ ಹೋಟೆಲಿನ ಮುಂದೆ ಜನ ಸೇರಿದ್ದರು. ಚಿನ್ನಪ್ಪ ಬೆವರಿನಲ್ಲಿ ತೊಯ್ದು, ಎಣ್ಣೆಯಿಂದ ಮಿರ್ಚಿ ಎತ್ತುವ ಜಾರಾ ಹಿಡಿದುಕೊಂಡು ಬಂದವರನ್ನೆಲ್ಲ ಬೈಯುತ್ತಿದ್ದ. ಮಾತು ತೊದಲುತ್ತಿತ್ತು. “ಮುಂಜಾನೆನ ಕುಡಿದಾನ” ಎಂದರು ಕೆಲವರು. “ಗಾಳಿ ಬಡಿದೈತಿ” ಎಂದರು ಇನ್ನು ಕೆಲವರು. ಹೆಂಡತಿ ಅಳುತ್ತ ನಿಂತಿದ್ದಳು.

“ಏನರ ತಿಂದಾರೇನ್ರಿ?” ಸೌಂದರ್ಯ ಕೇಳಿದರು.

“ಶನಿವಾರದ ಉಪಾಸ ಐತ್ರಿ. ಸಕ್ರಿ ಗುಳಿಗಿ ಮಾತ್ರ ತಪ್ಸಿಲ್ರಿ.”

ಕ್ಲಾಸಿನಲ್ಲಿ ಸಕ್ಕರೆ ಕುಸಿದವರಂತೆ ತೊದಲುತ್ತಿದ್ದ ಸುಧಾರಾಣಿಯ ಮುಖ ಸೌಂದರ್ಯ ಅವರ ಕಣ್ಣಿಗೆ ಕಟ್ಟಿತು. ಕುದಿಯುವ ಎಣ್ಣೆಯ ಬಾಣಲೆಯ ಬಳಿಯಿಂದ ಅವನನ್ನು ಈಚೆ ಕರೆತಂದರು. ಎಚ್ಚರವಿದೆಯೇ, ನುಂಗುತ್ತಾನೆಯೇ ಎಂದು ನೋಡಿದರು. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕುವಂತಿಲ್ಲ. ಎಚ್ಚರವಿತ್ತು. ಮೂರು ಚಮಚ ಸಕ್ಕರೆ ಕದಡಿದ ನೀರು ಕುಡಿಸಿದರು. “ಉಪಾಸ ಕೆಡ್ತೈತಿ!” ಎಂದು ಯಾರೋ ಅಡ್ಡ ಬಂದರು. “ಜೀವ ಉಳೀಲಿ, ಮುಂದಿನ ವಾರ ಮಾಡ್ತಾರ. ಸರೀರಿ!” ಎಂದು ಗದರಿದರು. ತಮ್ಮ ಬಾಯಿಂದ ಅಂಥ ದನಿ ಬರುತ್ತದೆಂದು ಅವರಿಗೇ ಗೊತ್ತಿರಲಿಲ್ಲವಂತೆ. ಚೀಲದಲ್ಲಿದ್ದ ಯಂತ್ರದಿಂದ ಬೆರಳು ಚುಚ್ಚಿ ನೋಡಿದರೆ ಸಕ್ಕರೆ ತೀರಾ ಕೆಳಗಿತ್ತು. ಕಾಲು ತಾಸಿಗೆ ಮತ್ತೆ ನೋಡಿ, ಮತ್ತೊಮ್ಮೆ ಕುಡಿಸಿದರು. ಚಿನ್ನಪ್ಪ ಸುತ್ತ ನೋಡಿ, “ಯಾಕ ಇಷ್ಟು ಮಂದಿ ಸೇರೀರಿ?” ಎಂದ.

ಅಲ್ಲಿಗೇ ಬಿಡಲಿಲ್ಲ. ಆ ಗುಳಿಗೆಯ ಕೆಲಸ ತಾಸುಗಟ್ಟಲೆ ಇರುತ್ತದೆ, ಸಕ್ಕರೆ ಮತ್ತೆ ಕುಸಿಯಬಹುದು ಎಂದು ಅವರು ಕಲಿತಿದ್ದರು. ಊಟ ಮಾಡಿಸಿ, ಆಟೋದಲ್ಲಿ ಆಸ್ಪತ್ರೆಗೆ ಕರೆದೊಯ್ದು, ರಾತ್ರಿ ಅಲ್ಲೇ ಉಳಿಸುವಂತೆ ವೈದ್ಯರಿಗೆ ವಿವರಿಸಿದರು. ಅಂದು ಕ್ಲಾಸು ತಪ್ಪಿತು. ಕೆಲಸ ಬಿಡುವ ಮಾತೂ ತಪ್ಪಿತು. ಮುಂದಿನ ವಾರ ಚಿನ್ನಪ್ಪ ಹೆಂಡತಿಯನ್ನು ಕರೆದುಕೊಂಡು ಸೌಂದರ್ಯ ಕೆಲಸ ಮಾಡುವ ಕ್ಲಿನಿಕ್ಕಿಗೆ ಬಂದು, ಬಾಗಿಲಲ್ಲೇ, “ಡಾಕ್ಟರ್ ಆಮ್ಯಾಲೆ. ಮೊದ್ಲು ಊಟದ ಮೇಡಮ್ಮರು ಎಲ್ಲಿ ಅದಾರ?” ಎಂದು ಕೇಳಿದ.

ಅದಾದ ಮೇಲೆ ಉಪವಾಸ ಹಿಡಿಯುವವರ ಔಷಧಿ, ಊಟದ ಬಗ್ಗೆ ಡಾ. ಗವಿಸಿದ್ದಪ್ಪ ಮತ್ತು ಸುಧಾರಾಣಿ ಸೇರಿ ಇಡೀ ಒಂದು ಕ್ಲಾಸು ಮಾಡಿದರು. ಶ್ರಾವಣಕ್ಕೂ ರಂಜಾನಿಗೂ ಮುಂಚೆಯೇ ರೋಗಿಗಳನ್ನು ಕರೆದು ಮಾತಾಡುವ ಪದ್ಧತಿ ಈಗ ಬಳ್ಳಾರಿ, ಸಿರುಗುಪ್ಪ, ಕುರುಗೋಡು ಮೂರೂ ಊರುಗಳಲ್ಲಿದೆ. “ದೇವ್ರ ಮ್ಯಾಲಿನ ಭಕ್ತಿ ಬಿಡ್ರಿ ಅಂತ ನಾವ್ಯಾಕ ಹೇಳೋಣು? ಹೆಂಗ ಮಾಡಿದ್ರ ಜೀವಕ್ಕ ಕುತ್ತಿಲ್ಲ ಅಂತ ಮೊದ್ಲ ಹೇಳೋಣು,” ಎನ್ನುತ್ತಾರೆ ಸುಧಾರಾಣಿ.

ರಾರಾವಿಯಿಂದ ಹೊರಟ ನಾವು ಮಧ್ಯಾಹ್ನಕ್ಕೆ ಕುರುಗೋಡು ಸೇರುತ್ತೇವೆ. ಈ ತಿಂಗಳ ಕ್ಲಾಸು ಇಲ್ಲೇ. ಮೊದಲ ಸಲ ಪಾಠ ಮಾಡುವವರು ಸೌಂದರ್ಯ. ಸುಧಾರಾಣಿ ಕೊನೆಯ ಸಾಲಿನಲ್ಲಿ, ಕಿಟಕಿ ಪಕ್ಕ ಕೂರುತ್ತಾರೆ. ಬೆಳಗ್ಗೆ ದುರುಗಮ್ಮನ ಮನೆಯಲ್ಲಿ ಕಂಡದ್ದನ್ನು ಸೌಂದರ್ಯ ಮೊದಲು ಹೇಳುತ್ತಾರೆ, ಆಮೇಲೆ ಚರ್ಚೆ ನಡೆಯುತ್ತದೆ. ಸಿರುಗುಪ್ಪದ ಹುಡುಗಿ ಕೈ ಎತ್ತುತ್ತಾಳೆ: “ನನ್ನ ಹತ್ರ ಒಬ್ರು ಬರ್ತಾರ. ಸಕ್ರಿ ಜೊತಿಗಿ ಕಿಡ್ನಿನೂ ಸ್ವಲ್ಪ ಕೆಟ್ಟೈತಿ. ಅವ್ರಿಗೂ ಇಷ್ಟು ಕಾಳು ಕೊಡಬಹುದಾ?”

ಹದಿನಾರು ಮುಖಗಳು ಸೌಂದರ್ಯ ಅವರನ್ನೇ ನೋಡುತ್ತಿವೆ.

“ನನಗ ಗೊತ್ತಿಲ್ರಿ. ಅಂದಾಜಿನ ಮ್ಯಾಲೆ ಹೇಳಂಗಿಲ್ಲ. ಅವ್ರ ರಕ್ತದ ರಿಪೋರ್ಟ್ ಕಳಸ್ರಿ. ಕಿಡ್ನಿ ಡಾಕ್ಟರಿಗಿ ಕೇಳಿ, ಓದಿ, ಎರಡು ದಿನದಾಗ ಹೇಳ್ತೀನಿ.”

ಪಾಠ ಮುಂದುವರಿಯುತ್ತದೆ. ಕೊನೆಯ ಸಾಲಿನಲ್ಲಿ ಸುಧಾರಾಣಿ ನನ್ನ ಕಡೆ ವಾಲಿ, ಯಾರಿಗೂ ಕೇಳದಂತೆ ಪಿಸುಗುಡುತ್ತಾರೆ:

“ಕೇಳಿದ್ರೇನ್ರಿ? ‘ನನಗ ಗೊತ್ತಿಲ್ಲ’ ಅಂತ ನಾಕು ಮಂದಿ ಮುಂದ ಹೇಳಾಕ ನನಗ ಹದಿನೈದು ವರ್ಷ ಬೇಕಾತು. ಈ ಹುಡುಗಿ ಎಷ್ಟು ಲಗೂ ಕಲ್ತಾಳ ನೋಡ್ರಿ.”