ಏಡಿಯ ಲೈಟ್ ಹೌಸ್ ಕೇಕು

ನನ್ನ ಮಗಳು ಮಾತಿನ ಮಲ್ಲಿ. ಅಮ್ಮನ ಹತ್ತಿರ, ಅಜ್ಜಿಯ ಹತ್ತಿರ, ಹಟ್ಟಿಯ ದನದ ಹತ್ತಿರ, ಯಾರೂ ಸಿಗದಿದ್ದರೆ ಬಾವಿಕಟ್ಟೆಯ ಹತ್ತಿರವೂ ಅವಳಿಗೆ ಮಾತಿದೆ. ನನ್ನೆದುರು ಮಾತ್ರ ಇರಲಿಲ್ಲ. ಮುಂಬೈಯ ಒಂದು ಹೋಟೆಲಿನ ಅಡುಗೆಮನೆಯಲ್ಲಿ ಇಪ್ಪತ್ತೆರಡು ವರ್ಷ ದುಡಿದು, ಆ ಕಟ್ಟಡವನ್ನೇ ಕೆಡವುತ್ತಾರೆ ಎಂದಾದಾಗ ಗಂಟುಮೂಟೆ ಕಟ್ಟಿ ಕಿರಿಮಂಜೇಶ್ವರದ ನಮ್ಮ ಮನೆಗೆ ಬಂದು ಎರಡು ತಿಂಗಳಾಗಿತ್ತು. ಆ ಎರಡು ತಿಂಗಳಲ್ಲಿ ಅವಳು ನನ್ನ ಮುಖ ನೋಡಿ ಒಂದು ಪೂರ್ತಿ ವಾಕ್ಯ ಆಡಿರಲಿಲ್ಲ. ಅನ್ನ ಬೇಕಾ ಎಂದರೆ ತಲೆ ಮೇಲೆ ಕೆಳಗೆ, ಸಾಕಾ ಎಂದರೂ ತಲೆ ಮೇಲೆ ಕೆಳಗೆ.

ಫೋನಿನಲ್ಲಾದರೆ ಹೀಗಿರಲಿಲ್ಲ. ಮುಂಬೈಯಲ್ಲಿದ್ದಾಗ ದಿನವೂ ಸಂಜೆ, ತಿಂಡಿಯ ಗಲಾಟೆ ಇಳಿಯುವ ಹೊತ್ತಿಗೆ, ನಾನು ಫೋನು ಮಾಡುತ್ತಿದ್ದೆ. ಅವಳು ಶಾಲೆಯ ಪುರಾಣವನ್ನೆಲ್ಲ ಹೇಳಿ ಮುಗಿಸಿ, ಕಥೆ ಹೇಳಿ ಎಂದು ದುಂಬಾಲು ಬೀಳುತ್ತಿದ್ದಳು. ಈಗ ಅದೇ ಹುಡುಗಿ ನಾನು ಚಾವಡಿಗೆ ಬಂದರೆ ಒಳಗೆ ಹೋಗುತ್ತಾಳೆ. ನಾನು ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡ ಮನುಷ್ಯ. ನನ್ನ ಬಾಯಿಗೆ ಹೆದರಿ ಹೋಟೆಲಿನಲ್ಲಿ ದೊಡ್ಡ ದೊಡ್ಡ ಭಟ್ಟರೇ ಸುಮ್ಮನಾಗುತ್ತಿದ್ದರು. ಆದರೆ ಒಂಬತ್ತು ವರ್ಷದ ಮಗುವಿಗೆ ಮಾತಾಡು ಎಂದು ಗದರಿಸುವುದು ಹೇಗೆ? ನಿಜ ಹೇಳಬೇಕೆಂದರೆ ನನಗೆ ಅಳು ಬರುವಷ್ಟು ಬೇಜಾರಾಗಿತ್ತು.

ಒಂದು ಸಂಜೆ ತಡೆಯಲಾರದೆ ಗೇಟಿನಾಚೆ ಹೋಗಿ ನಿಂತು ಹೆಂಡತಿಯ ಮೊಬೈಲಿಗೆ ಫೋನು ಮಾಡಿದೆ. ಎತ್ತಿದವಳು ಮಗಳು. ಎತ್ತಿದ್ದೇ ತಡ, ಕ್ಲಾಸಿನಲ್ಲಿ ಯಾರ ಕಂಪಾಸು ಕಳೆದುಹೋಯಿತು, ಯಾರ ಮೇಲೆ ಅನುಮಾನ, ಎಲ್ಲ ಶುರುವಾಯಿತು. ಇಪ್ಪತ್ತು ನಿಮಿಷ. ಅಷ್ಟು ಹೊತ್ತೂ ಅವಳು ಕಿಟಕಿಯಲ್ಲಿ ನನಗೆ ಕಾಣುತ್ತಿದ್ದಳು, ನಾನು ಗೇಟಿನಲ್ಲಿ ಅವಳಿಗೆ ಕಾಣುತ್ತಿದ್ದೆ. ಇಬ್ಬರೂ ಅದರ ಬಗ್ಗೆ ಚಕಾರ ಎತ್ತಲಿಲ್ಲ. ಸ್ಕೂಟರಿನಲ್ಲಿ ಹೋಗುತ್ತಿದ್ದ ಪಕ್ಕದ ಮನೆಯವರು ನಿಲ್ಲಿಸಿ, ಮನೆಯೊಳಗೆ ನೆಟ್‌ವರ್ಕ್ ಸಿಗುವುದಿಲ್ಲವಾ ಎಂದು ವಿಚಾರಿಸಿದರು. ಹೌದು, ಭಾರೀ ತೊಂದರೆ ಎಂದೆ. ಅಂದಿನಿಂದ ಅದೇ ಅಭ್ಯಾಸವಾಯಿತು. ಮಳೆ ಬಂದರೆ ಕೊಡೆ ಹಿಡಿದು ನಿಲ್ಲುತ್ತಿದ್ದೆ. ಹೆಂಡತಿ ಬ್ಲೌಸು ಹೊಲಿಯುತ್ತಾ ಕುಳಿತಲ್ಲಿಂದಲೇ, ಈ ಮನೆಯಲ್ಲಿ ಯಾರಿಗೆ ಮೊದಲು ತಲೆ ಕೆಡುತ್ತದೋ ನೋಡಬೇಕು ಎನ್ನುತ್ತಿದ್ದಳು.

ನವರಾತ್ರಿ ಕಳೆದ ವಾರ ಗೇಟಿನ ಫೋನಿನಲ್ಲೇ ಮಗಳು ಹುಟ್ಟುಹಬ್ಬದ ಸುದ್ದಿ ತೆಗೆದಳು. ಹತ್ತು ತುಂಬುತ್ತದೆ. ಕ್ಲಾಸಿನ ಐವರು ಹುಡುಗಿಯರನ್ನು ಕರೆದಾಗಿದೆ. ಶಾಲೆ ಬಿಟ್ಟ ಕೂಡಲೇ ಎಲ್ಲರೂ ಒಟ್ಟಿಗೆ ಬರುತ್ತಾರೆ. ಕೇಕು ಮಾತ್ರ ಅಂಗಡಿಯದು ಆಗಬಾರದು, ಏಡಿ ಮಾಡಿದ್ದೇ ಆಗಬೇಕು. “ನಮ್ ಅಪ್ಪಯ್ಯಂಗೆ ಮಾಡುಕೆ ಬತ್ತ್ ಅಂದಿದೆ ನಾನು,” ಎಂದಳು.

ಅವಳ ಇದುವರೆಗಿನ ಒಂಬತ್ತು ಹುಟ್ಟುಹಬ್ಬಗಳಲ್ಲಿ ಒಂದಕ್ಕೂ ನಾನು ಇರಲಿಲ್ಲ. ಆ ಹುರುಪಿನಲ್ಲಿ, ಅದೆಂಥ ದೊಡ್ಡ ವಿಷಯ, ದಿನಕ್ಕೆ ಸಾವಿರ ಇಡ್ಲಿ ಇಳಿಸಿದ ಕೈ ಇದು ಎಂದು ಕೊಚ್ಚಿಕೊಂಡೆ. ಫೋನಿಟ್ಟ ಮೇಲೆ ಗೇಟಿನಲ್ಲೇ ನಿಂತು ನೆನಪು ಮಾಡಿಕೊಳ್ಳತೊಡಗಿದೆ. ಏಡಿಯ ಕೇಕು ಹೇಗಿತ್ತು?

ಏಡಿ ನಮ್ಮ ಕಥೆಯ ಏಡಿ. ನಾಲ್ಕು ವರ್ಷ ಫೋನಿನಲ್ಲಿ ನಾನೇ ಹೊಸೆದ ಕಥೆ ಅದು. ತ್ರಾಸಿಯ ಕಡಲಲ್ಲಿ, ಬಂಡೆಯ ಸಂದಿಯಲ್ಲಿ ಏಡಿಯೊಂದು ಹೋಟೆಲು ಇಟ್ಟಿತ್ತು. ಅದಕ್ಕೊಂದು ತಿಮಿಂಗಿಲ ಕಾಯಂ ಗಿರಾಕಿ. ತಿಮಿಂಗಿಲಕ್ಕೆ ಕತ್ತಲಲ್ಲಿ ದಾರಿ ತಪ್ಪುವ ರೋಗ. ಅದರ ಹುಟ್ಟುಹಬ್ಬಕ್ಕೆ ಏಡಿ ಒಂದು ಲೈಟ್ ಹೌಸ್ ಕೇಕು ಮಾಡಿತು ಎಂದು ನಾನು ಎಂದೋ ಒಂದು ಸಂಜೆ ಕಾವಲಿಯ ಮೇಲೆ ದೋಸೆ ಹುಯ್ಯುತ್ತಾ ಹೇಳಿದ್ದೆ. ಸುಳ್ಳು ಹೇಳುವಾಗ ಯಾರಾದರೂ ಅಳತೆ ನೋಡುತ್ತಾರೆಯೇ? ಮರುದಿನ ಹೆಂಡತಿಯ ಮೂಲಕ ಮೆಲ್ಲಗೆ ವಿಚಾರಿಸಿದರೆ, ಮಗಳು ಅಡಿಪಾಯದಿಂದ ವರದಿ ಒಪ್ಪಿಸಿದಳು. ಮೂರು ಮಾಳಿಗೆ. ಹೊರಗೆ ಬಿಳಿ, ಅದರ ಮೇಲೆ ಕೆಂಪು ಪಟ್ಟೆ. ಒಳಗೆ ಹತ್ತಿ ಹೋಗಲು ಮೆಟ್ಟಿಲು. ತುದಿಯಲ್ಲಿ ತಿರುಗುವ ದೀಪ.

ಹೆಂಡತಿ ವಿಡಿಯೊ ತೋರಿಸಲು ಬಂದಳು. ಅಡುಗೆಯನ್ನು ಫೋನಿನಲ್ಲಿ ನೋಡಿ ಕಲಿಯುವ ಗತಿ ನನಗೆ ಬಂದಿಲ್ಲ ಎಂದೆ. ಬೈಂದೂರಿನ ಬೇಕರಿಗೆ ಹೇಳಿದರೆ ಮಾಡಿಕೊಡುತ್ತಾರಲ್ಲ ಎಂದಳು. ಅದಕ್ಕೆ ನಾನು ಕೊಟ್ಟ ಉತ್ತರವನ್ನು ಇಲ್ಲಿ ಬರೆಯುವುದು ಬೇಡ. ನನ್ನ ಅಮ್ಮ ಮಾತ್ರ ಒಂದೇ ಷರತ್ತು ಹಾಕಿದರು: ಈ ಒಲೆಯ ಹತ್ತಿರ ಮೊಟ್ಟೆ ಒಡೆದರೆ ತಾನು ಚಾಪೆ ದಿಂಬು ತೆಗೆದುಕೊಂಡು ಹೋಗಿ ದೇವಸ್ಥಾನದ ಜಗಲಿಯಲ್ಲಿ ಮಲಗುತ್ತೇನೆ. ಮೊಟ್ಟೆ ಯಾರಿಗೆ ಬೇಕು ಎಂದೆ. ಕೇಕಿಗೆ ಮೊಟ್ಟೆ ಏನು ಕೆಲಸ ಮಾಡುತ್ತದೆ ಎಂಬುದೇ ನನಗೆ ಸರಿಯಾಗಿ ಗೊತ್ತಿರಲಿಲ್ಲ.

ಹುಟ್ಟುಹಬ್ಬದ ಹಿಂದಿನ ಸಂಜೆ ಹಿಟ್ಟು ಕಲಸಿದೆ. ನನ್ನ ಕೈಗೆ ಇನ್ನೂರು ಜನರ ಅಳತೆ ಗೊತ್ತು, ಆರು ಮಕ್ಕಳ ಅಳತೆ ಗೊತ್ತಿಲ್ಲ. ಮೈದಾ, ಸಕ್ಕರೆ, ಮೊಸರು, ಬೆಣ್ಣೆ ಸುರಿಯುತ್ತಾ ಹೋದಂತೆ ಸಣ್ಣ ಪಾತ್ರೆ ಸಾಲದೆ, ಶ್ರಾದ್ಧಕ್ಕೆ ಇಳಿಸುವ ದೊಡ್ಡ ಪಾತ್ರೆಯನ್ನೇ ಅಟ್ಟದಿಂದ ಇಳಿಸಬೇಕಾಯಿತು. ಹೆಂಡತಿ ರುಬ್ಬಿಟ್ಟಿದ್ದ ಇಡ್ಲಿ ಹಿಟ್ಟನ್ನೂ ಮೆತ್ತಗಾಗಲಿ ಎಂದು ಎರಡು ಸೌಟು ಸೇರಿಸಿದೆ. ಅದು ನನ್ನ ಸ್ವಂತ ಗುಟ್ಟು. ಆಮೇಲೆ ಇಪ್ಪತ್ತೆರಡು ವರ್ಷ ಪ್ರತಿ ಸಂಜೆ ಮಾಡಿದ್ದನ್ನೇ ಮಾಡಿದೆ. ಪಾತ್ರೆಗೆ ಬಟ್ಟೆ ಕಟ್ಟಿ, ತಟ್ಟೆ ಮುಚ್ಚಿ, ಬೆಳಗಿನವರೆಗೆ ಉಬ್ಬಲಿ ಎಂದು ಒಲೆಯ ಪಕ್ಕ ಇಟ್ಟೆ. ಹೆಂಡತಿ ಪಾತ್ರೆಯನ್ನೂ ನನ್ನನ್ನೂ ನೋಡಿ ಸುಮ್ಮನಿದ್ದಳು. ನಾನು ಅದನ್ನು ಮೆಚ್ಚುಗೆ ಎಂದುಕೊಂಡೆ. ಕೇಕಿನ ಹಿಟ್ಟನ್ನು ಹುಳಿ ಬರಿಸುವುದಿಲ್ಲ ಎಂದು ತಾನು ಎರಡು ಸಲ ಹೇಳಿದ್ದೆ ಎಂದು ಅವಳು ಈಗಲೂ ವಾದಿಸುತ್ತಾಳೆ. ನನಗೆ ನೆನಪಿಲ್ಲ.

ಬೆಳಿಗ್ಗೆ ಎದ್ದು ನೋಡಿದರೆ ಹಿಟ್ಟು ತಟ್ಟೆಯನ್ನು ತಳ್ಳಿ, ಬಟ್ಟೆಯನ್ನು ಎತ್ತಿ, ಒಲೆಯ ಕಟ್ಟೆ ಇಳಿದು ನೆಲದ ಮೇಲೆ ಬಾಗಿಲ ಕಡೆಗೆ ಹೊರಟಿತ್ತು. ಅಡುಗೆಮನೆ ತುಂಬಾ ಹುಳಿ ವಾಸನೆ. ಇಡ್ಲಿ ಹಿಟ್ಟು ಹಾಗೆ ಬಂದಿದ್ದರೆ ನಾನು ಮೀಸೆ ತಿರುವುತ್ತಿದ್ದೆ. ಮಗಳು ಸ್ಕೂಲ್ ಬ್ಯಾಗು ಹಾಕಿಕೊಂಡು ಬಾಗಿಲಲ್ಲಿ ನಿಂತು ಅದನ್ನು ನೋಡಿದಳು, ನನ್ನನ್ನು ನೋಡಿದಳು, ಏನೂ ಹೇಳದೆ ಹೋದಳು. ಐವರ ಮುಂದೆ ನನ್ನ ಮಗಳ ಮಾನ ಹೋದರೆ ಗೇಟಿನ ಫೋನೂ ನಿಂತುಹೋಗುತ್ತದೆ ಎಂದು ನನಗೆ ಆಗಲೇ ಖಾತ್ರಿಯಾಯಿತು.

ಬೇರೆ ಹಿಟ್ಟು ಕಲಸಬಹುದಿತ್ತು. ಆದರೆ ಹೆಂಡತಿಯ ಎದುರು ಸೋಲುವುದು ಹೇಗೆ? ಇನ್ನಷ್ಟು ಸಕ್ಕರೆ ಸುರಿದರೆ ಹುಳಿ ಅಡಗುತ್ತದೆ ಎಂದು ಧೈರ್ಯ ಮಾಡಿದೆ. ಮನೆಯಲ್ಲಿ ಓವನ್ ಇಲ್ಲ. ಕುಕ್ಕರಿನಲ್ಲಿ ಮರಳು ಹಾಕಿ ಬೇಯಿಸುತ್ತಾರೆ ಎಂದು ಹೆಂಡತಿ ಹೇಳುವಷ್ಟರಲ್ಲಿ, ನಾನು ಇಡ್ಲಿ ಬೇಯಿಸುವ ಪಾತ್ರೆಗೆ ನೀರು ಹಾಕಿ ಒಲೆಗೇರಿಸಿಯಾಗಿತ್ತು. ಆವಿಯಲ್ಲಿ ಬೇಯದ ವಸ್ತು ಪ್ರಪಂಚದಲ್ಲಿ ಇಲ್ಲ ಎಂಬುದು ನನ್ನ ನಂಬಿಕೆ.

ಬೆಂದೇನೋ ಬೆಂದವು. ದೊಡ್ಡದು, ಮಧ್ಯಮ, ಸಣ್ಣದು ಎಂದು ಮೂರು ಮಾಳಿಗೆ, ಹಾಲಿನಷ್ಟು ಬಿಳಿ. ಮುಟ್ಟಿದರೆ ಮೂರೂ ನಡುಗುತ್ತಿದ್ದವು. ಮೊಮ್ಮಗಳ ಹೆಸರಲ್ಲಿ ಪೂಜೆ ಮಾಡಿಸಲು ಬೆಳಿಗ್ಗೆಯೇ ಕುಂಭಾಶಿಗೆ ಬಸ್ಸು ಹತ್ತಿದ್ದ ಅಮ್ಮ ಮಧ್ಯಾಹ್ನ ಪ್ರಸಾದದೊಂದಿಗೆ ಬಂದವರು, ಮುಚ್ಚಳ ತೆಗೆದು ನೋಡಿ ಮೊದಲ ಬಾರಿಗೆ ನನ್ನನ್ನು ಹೊಗಳಿದರು. “ಕಡ್ಬ್ ಲಾಯ್ಕ್ ಆಯ್ತ್ ಮಗಾ. ಚಟ್ನಿಗೆ ಕಾಯಿ ತುರಿಲಾ?” ಎಂದು ಕೇಳಿದರು. ಹೆಂಡತಿ ಹೊಲಿಗೆಯ ಮಿಷನ್ನನ್ನು ಜೋರಾಗಿ ತುಳಿಯತೊಡಗಿದಳು. ಅವಳು ನಗುವುದು ನನಗೆ ಕೇಳಬಾರದಲ್ಲ.

ಒಂದರ ಮೇಲೊಂದು ಇಟ್ಟೆ. ಮೆಟ್ಟಿಲಿಗೆ ಜಾಗ ಬೇಕೆಂದು ಲೋಟ ಒತ್ತಿ ನಡುವೆ ತೂತು ತೆಗೆದೆ. ತೆಗೆದ ಕೂಡಲೇ ಎರಡನೇ ಮಾಳಿಗೆ ಒಂದು ಬದಿಗೆ ಕುಸಿಯಿತು. ಅದಕ್ಕೆ ಅಂಗಳ ಗುಡಿಸುವ ಹಿಡಿಸೂಡಿಯ ಕಡ್ಡಿಗಳನ್ನು ತೊಳೆದು ಚುಚ್ಚಿ ಆಧಾರ ಕೊಟ್ಟೆ. ಕೆಂಪು ಪಟ್ಟೆಗೆ ಬೀಟ್‌ರೂಟು ಅರೆದು ರಸ ಬಳಿದೆ. ರಸ ನಿಲ್ಲುವುದು ಬಿಟ್ಟು ಕೆಳಗಿಳಿಯಿತು. ಲೈಟ್ ಹೌಸು ಬಸ್‌ಸ್ಟ್ಯಾಂಡಿನ ಮೂಲೆಯಲ್ಲಿ ಜನ ಎಲೆಯಡಿಕೆ ಉಗುಳಿದ ಗೋಡೆಯಂತೆ ಕಂಡಿತು. ತುದಿಗೆ, ದೇವರ ಕೋಣೆಯಿಂದ ಅಮ್ಮನಿಗೆ ಗೊತ್ತಾಗದಂತೆ ತಂದಿದ್ದ, ಬಣ್ಣ ಬಣ್ಣವಾಗಿ ತಿರುಗುವ ಬ್ಯಾಟರಿ ದೀಪ ಇಟ್ಟೆ. ಅದು ತಿರುಗಿತು. ಅಷ್ಟು ಹೊತ್ತಿಗೆ ಗೇಟು ಸದ್ದಾಯಿತು.

ಆರು ಹುಡುಗಿಯರು ಚಾವಡಿಯ ಮೇಜಿನ ಸುತ್ತ ನಿಂತರು. ಎರಡು ಜಡೆಯ ಒಬ್ಬಳು ಬಗ್ಗಿ ಮೂಸಿ ನೋಡಿ, ಇದು ಇಡ್ಲಿಯಾ ಎಂದು ಕೇಳಿದಳು. ಉಳಿದವರು ಬಾಯಿಗೆ ಕೈ ಅಡ್ಡ ಹಿಡಿದರು. ಮಗಳ ಕಿವಿ ಕೆಂಪಾಗಿದ್ದು ನನಗೆ ಕಂಡಿತು.

ಹೋಟೆಲಿನಲ್ಲಿ ಸಾಂಬಾರಿಗೆ ಉಪ್ಪು ಜಾಸ್ತಿಯಾದರೆ ನಾವು ಮಾತಿನಲ್ಲಿ ಸರಿ ಮಾಡುತ್ತೇವೆ. ಅದನ್ನೇ ಮಾಡಲು ಹೊರಟೆ. ಮಕ್ಕಳೇ, ಇದು ಸಾಮಾನ್ಯ ಕೇಕಲ್ಲ ಎಂದು ಶುರು ಮಾಡಿದೆ. ಆ ದಿನ ಕಡಲಲ್ಲಿ ಬಿರುಗಾಳಿ ಎದ್ದಿತ್ತು, ಅದಕ್ಕೇ ಏಡಿಯ ಲೈಟ್ ಹೌಸು ವಾಲಿತ್ತು. ತಿಮಿಂಗಿಲಕ್ಕೆ ಹುಳಿ ಅಂದರೆ ಪಂಚಪ್ರಾಣ, ಅದಕ್ಕೇ ಏಡಿ ಹಿಟ್ಟನ್ನು ಹಿಂದಿನ ದಿನವೇ ಕಲಸಿ—

“ಅಲ್ಲ,” ಎಂದಳು ಮಗಳು.

ನಾನು ತಿರುಗಿ ನೋಡಿದೆ. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು.

“ಅಪ್ಪಯ್ಯ, ನೀವ್ ಸುಳ್ ಹೇಳ್ತ್ರಿ. ಏಡಿ ಹಿಟ್ಟ್ ಹುಳಿ ಬರ್ಸಲೇ ಇಲ್ಲ. ನೀವೇ ಹೇಳಿದ್ದ್ ನಿಮ್ಗೇ ನೆನ್ಪಿಲ್ಯಾ?”

ಆಮೇಲೆ ಆ ಹುಡುಗಿಗೆ ಏನಾಯಿತೋ. ಉಸಿರು ತೆಗೆದುಕೊಳ್ಳದೆ ಜಾಡಿಸಿದಳು. ಏಡಿ ಕೇಕನ್ನು ಆವಿಯಲ್ಲಿ ಬೇಯಿಸಲಿಲ್ಲ, ಬಿಸಿ ಮರಳಿನಲ್ಲಿ ಹುಗಿದು ಬೇಯಿಸಿತು. ಬಿರುಗಾಳಿ ಬಂದದ್ದು ಆ ದಿನವಲ್ಲ, ಮೀನುಗಳು ಮುಷ್ಕರ ಮಾಡಿದ ದಿನ. ತಿಮಿಂಗಿಲಕ್ಕೆ ಹುಳಿ ಕಂಡರಾಗದು, ಅದು ಚಹಾಕ್ಕೇ ಒಂದು ಮೂಟೆ ಸಕ್ಕರೆ ಹಾಕಿಸಿಕೊಳ್ಳುತ್ತಿತ್ತು. ಬ್ಯಾಗು ಇಡಲು ಒಳಗೆ ಹೋದಾಗ ಹೆಂಡತಿ ಅವಳ ಕಿವಿಗೆ ಹಾಕಿರಬೇಕು, ಅಮ್ಮ ಮರಳಿನ ಕುಕ್ಕರು ಎಂದು ಹೇಳಿದ್ದರೂ ನೀವು ಕೇಳಲಿಲ್ಲವಂತೆ, ಯಾರು ಹೇಳಿದರೂ ಕೇಳುವುದಿಲ್ಲವಂತೆ. ಬೀಟ್‌ರೂಟಿನ ವಿಷಯಕ್ಕೆ ಬಂದಾಗ ಅವಳ ದನಿ ಒಡೆಯಿತು, ಆದರೂ ನಿಲ್ಲಿಸಲಿಲ್ಲ.

ನನ್ನ ಎದುರು ಸೌಟು ಎತ್ತಿ ಮಾತಾಡಿದವರನ್ನು ನಾನು ಬಿಟ್ಟವನಲ್ಲ. ಈಗ ಕೈ ಕಟ್ಟಿಕೊಂಡು ನಿಂತು ಬೈಸಿಕೊಂಡೆ. ನನ್ನ ಮುಖ ತಾನಾಗಿ ಅರಳುತ್ತಿತ್ತು, ಅದನ್ನು ಗಂಭೀರವಾಗಿ ಹಿಡಿದುಕೊಳ್ಳುವುದೇ ಕಷ್ಟವಾಯಿತು. ಬಾಗಿಲಲ್ಲಿ ನಿಂತಿದ್ದ ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡಳು, ನಗುವಿಗೋ ಮತ್ತೊಂದಕ್ಕೋ ನಾನು ಕೇಳಲಿಲ್ಲ.

ಅಷ್ಟರಲ್ಲಿ ಮೂರನೇ ಮಾಳಿಗೆ ದೀಪ ಸಮೇತ ಜಾರಿ ಮೇಜಿನ ಮೇಲೆ ಬಿತ್ತು. ದೀಪ ಬಿದ್ದಲ್ಲೇ ತಿರುಗುತ್ತಿತ್ತು. ಎರಡು ಜಡೆಯವಳಿಗೆ ನಗು ತಡೆಯಲಾಗಲಿಲ್ಲ, ಅವಳು ನಕ್ಕಿದ್ದಕ್ಕೆ ಉಳಿದವರು, ಕೊನೆಗೆ ಮಗಳೂ ನಕ್ಕಳು. ದೀಪವನ್ನು ಗುರುತಿಸಿದವರು ನನ್ನ ಅಮ್ಮ ಒಬ್ಬರೇ. ಅದನ್ನು ಸೆರಗಲ್ಲಿ ಒರೆಸಿಕೊಂಡು ಒಳಗೆ ಹೋಗುವಾಗ ನನ್ನತ್ತ ಬೀರಿದ ನೋಟ ನನಗೇ ಗೊತ್ತು. ಆದರೂ ಹೊರಗೆ ಬರುವಾಗ ಜೋನಿ ಬೆಲ್ಲದ ಡಬ್ಬಿಯನ್ನೂ ತುಪ್ಪವನ್ನೂ ಹಿಡಿದು ಬಂದರು. ಹುಡುಗಿಯರು ಬಿದ್ದ ಮಾಳಿಗೆಯಿಂದ ಶುರು ಮಾಡಿ ಬೆಲ್ಲ ಸುರಿದುಕೊಂಡು ತಿಂದರು. ಹಿಡಿಸೂಡಿ ಕಡ್ಡಿ ಯಾರ ಪಾಲಿಗೆ ಬರುತ್ತದೋ ಅವರು ಹಾಡು ಹೇಳಬೇಕೆಂದು ಅವರಲ್ಲೇ ಕಾನೂನಾಯಿತು. ಅದು ಎರಡು ಸಲ ಮಗಳಿಗೇ ಬಂತು. ಅಷ್ಟಾದರೂ ಪಾತ್ರೆಯಲ್ಲಿ ಇನ್ನೂರು ಜನರ ಹಿಟ್ಟು ಉಳಿದಿತ್ತು. ಆ ವಾರವೆಲ್ಲ ನಾವೂ ನಮ್ಮ ದನವೂ ಅದನ್ನೇ ತಿಂದೆವು.

ಹುಡುಗಿಯರು ಹೋದ ಮೇಲೆ ನಾನು ಬಾವಿಕಟ್ಟೆಯ ಹತ್ತಿರ ಪಾತ್ರೆ ತೊಳೆಯಲು ಕುಳಿತೆ. ಸ್ವಲ್ಪ ಹೊತ್ತಿಗೆ ಮಗಳು ಒಂದು ಬಟ್ಟೆ ತೆಗೆದುಕೊಂಡು ಬಂದು, ತೊಳೆದ ತಟ್ಟೆಗಳನ್ನು ಒರೆಸುತ್ತಾ ಪಕ್ಕದಲ್ಲಿ ಕುಳಿತಳು. ಏನಾದರೂ ಹೇಳಲು ಹೋಗಿ ಕೆಡಿಸುವುದು ಬೇಡ ಎಂದು ತಿಕ್ಕಿದ ತಟ್ಟೆಯನ್ನೇ ತಿಕ್ಕಿದೆ.

“ಬಪ್ಪ ವರ್ಷ ನಾನೇ ಮಾಡ್ತೆ,” ಎಂದು ಮುಂದಿನ ವರ್ಷದ ಕೇಕನ್ನು ಈಗಲೇ ವಹಿಸಿಕೊಂಡಳು. “ನೀವ್ ಹಿಟ್ಟಿಗೆ ಕೈ ಹಾಕುಕಾಗ. ಹತ್ರ ಕೂಕಣಿ, ಸಾಕ್.”

ಆಯ್ತು ಎಂದೆ.

ಅವಳು ಇನ್ನೊಂದು ತಟ್ಟೆ ಎತ್ತಿಕೊಂಡಳು. ಪ್ರತಿ ವರ್ಷ ರಜೆಯಲ್ಲಿ ಬಂದು, ಅವಳು ನಾಚಿಕೆ ಬಿಟ್ಟು ಮಾತು ಶುರು ಮಾಡುವ ಹೊತ್ತಿಗೆ ಬ್ಯಾಗು ಎತ್ತಿಕೊಂಡು ಹೋಗುತ್ತಿದ್ದ ಮನುಷ್ಯ ನಾನು. ಈ ಸಲ ಬಂದದ್ದು ಹೋಗಲಿಕ್ಕಲ್ಲ ಎಂದು ಊರಿಗೆಲ್ಲ ಹೇಳಿಕೊಂಡು ತಿರುಗಿದ್ದೆ. ಅವಳೊಬ್ಬಳನ್ನು ಮಾತ್ರ ಎದುರು ಕೂರಿಸಿಕೊಂಡು ಹೇಳಿರಲಿಲ್ಲ. ಅದು ನನ್ನ ತಲೆಗೆ ಹೊಳೆದದ್ದೇ ಆಗ.

“ಇರ್ತ್ರಿ ಅಲ್ದಾ?” ಎಂದು ತಟ್ಟೆ ನೋಡಿಕೊಂಡೇ ಕೇಳಿದಳು.

“ಇರ್ತೆ,” ಎಂದೆ.

ಅವಳು ತಟ್ಟೆಯನ್ನು ಬೆಳಕಿಗೆ ಹಿಡಿದು, ಹಿಂದೆ ಮುಂದೆ ತಿರುಗಿಸಿ ನೋಡಿ ನನ್ನ ಕೈಗೇ ವಾಪಸು ಕೊಟ್ಟಳು. ಅಂಚಿನಲ್ಲಿ ಹಿಟ್ಟು ಹಾಗೇ ಇದೆ, ಇನ್ನೊಮ್ಮೆ ಸರಿಯಾಗಿ ತೊಳೆಯಬೇಕಂತೆ. ನಾನು ತೊಳೆದುಕೊಟ್ಟೆ.