ಎಪ್ಪತ್ತೆಂಟು ಅಂದರೆ ಫಸ್ಟ್ ಕ್ಲಾಸ್

ನನ್ನ ತಂಗಿಯ ಬುದ್ಧಿಯನ್ನು ಅಳೆದವನು ನಾನೇ. ಇಪ್ಪತ್ನಾಲ್ಕು ವರ್ಷದ ಹಿಂದೆ, ಬಾದಾಮಿಯ ನಮ್ಮ ಮನೆಯ ಪಡಸಾಲೆಯಲ್ಲಿ, ಒಂದು ಭಾನುವಾರ ಬೆಳಿಗ್ಗೆ. ಕೈಯಲ್ಲಿ ಗೆಳೆಯನಿಂದ ಕೇಳಿ ತಂದ ಸ್ಟಾಪ್‌ವಾಚ್ ಇತ್ತು, ತೊಡೆಯ ಮೇಲೆ ರಟ್ಟಿನ ಹೊದಿಕೆಯ ರೆಕಾರ್ಡ್ ಪುಸ್ತಕ. ಅವಳಿಗೆ ಒಂಬತ್ತು ವರ್ಷ, ನನಗೆ ಇಪ್ಪತ್ತೆರಡು. ಅಷ್ಟು ಅಹಂಕಾರ ಆಮೇಲೆ ನನಗೆ ಯಾವತ್ತೂ ಬರಲಿಲ್ಲ. ಬರುವಂಥದ್ದೇನೂ ನನ್ನಿಂದ ಆಗಲೂ ಇಲ್ಲ.

ಆಗ ನಾನು ಬಾಗಲಕೋಟೆಯಲ್ಲಿ ಬಿ.ಎಡ್. ಓದುತ್ತಿದ್ದೆ. ಮನೋವಿಜ್ಞಾನದ ಪ್ರಾಕ್ಟಿಕಲ್‌ಗೆ ಪ್ರತಿಯೊಬ್ಬರೂ ಒಂದೊಂದು ಮಗುವಿಗೆ ಬುದ್ಧಿ ಪರೀಕ್ಷೆ ಮಾಡಿ, ಐಕ್ಯೂ ತೆಗೆದು, ವರದಿ ಬರೆದುಕೊಂಡು ಬರಬೇಕಿತ್ತು. ಪ್ರಶ್ನೆಗಳ ಹಾಳೆಗಳನ್ನು ಝೆರಾಕ್ಸ್ ಮಾಡಿಸಿ ಹಂಚಿದ್ದರು. ಅದನ್ನು ಕನ್ನಡಕ್ಕೆ ತಂದವರು ಮೈಸೂರು ಕಡೆಯವರಿರಬೇಕು, ಭಾಷೆ ಇಸ್ತ್ರಿ ಮಾಡಿದ ಅಂಗಿಯ ಹಾಗಿತ್ತು. ನಮ್ಮ ಅಧ್ಯಾಪಕರು ಮೂರು ಸಲ ಎಚ್ಚರಿಸಿದ್ದರು: "ಹಾಳಿಯೊಳಗ ಹೆಂಗ ಅದನೋ ಹಂಗ ಓದ್ರಿ. ಒಂದು ಅಕ್ಷರ ಬದಲಿ ಮಾಡಿದ್ರೂ ಟೆಸ್ಟ್ ಕೆಡ್ತದ."

ಉಳಿದವರು ಓಣಿಯ ಮಕ್ಕಳಿಗೆ ಬಿಸ್ಕಿಟ್ ತೋರಿಸಿ ಕರೆದು ಕೂರಿಸುತ್ತಿದ್ದರು. ನನಗೆ ಆ ತಾಪತ್ರಯವಿರಲಿಲ್ಲ, ಮನೆಯಲ್ಲೇ ಒಂದು ಮಗುವಿತ್ತು. ಅಣ್ಣ ತನಗೆ ಪರೀಕ್ಷೆ ಮಾಡುತ್ತಾನೆ ಎಂದು ಗೊತ್ತಾದದ್ದೇ ತಂಗಿ ಶಾಲೆಗೆ ಹೋಗುವವಳ ಹಾಗೆ ಎರಡು ಜಡೆ ಹಾಕಿಸಿಕೊಂಡು, ರಿಬ್ಬನ್ ಕಟ್ಟಿಸಿಕೊಂಡು ಬಂದು ಎದುರಿಗೆ ಕುಳಿತಳು. ಇನ್ನೊಂದು ವಿಷಯವನ್ನು ಇಲ್ಲಿಯೇ ಒಪ್ಪಿಕೊಂಡುಬಿಡುತ್ತೇನೆ. ಸರಾಸರಿ ಬುದ್ಧಿಯ ಮಗುವಿನ ವರದಿಯಲ್ಲಿ ಬರೆಯಲು ಏನೂ ಇರುವುದಿಲ್ಲ. ಮಗು ಜಾಣನಾಗಿರಬೇಕು, ಇಲ್ಲ ದಡ್ಡನಾಗಿರಬೇಕು, ಆಗ ಅಂಕ ಚೆನ್ನಾಗಿ ಬೀಳುತ್ತದೆ. ಮನೆಯಲ್ಲಿ ಜಾಣನ ಜಾಗ ಆಗಲೇ ಭರ್ತಿಯಾಗಿತ್ತು. ಹಿಂದಿನ ವಾರವಷ್ಟೇ ನನ್ನನ್ನು ನಾನೇ ಅಳೆದುಕೊಂಡು ನೂರಾ ಇಪ್ಪತ್ತೆಂಟು ಎಂದು ಬರೆದುಕೊಂಡಿದ್ದೆ.

"ತಿಂಡಿಯಾದ ಮೇಲೆ ಮೊದಲು ಏನು ಮಾಡಬೇಕು?" ಎಂದು ಹಾಳೆಯಲ್ಲಿದ್ದಂತೆಯೇ ಗಂಭೀರವಾಗಿ ಓದಿದೆ.

"ಕೊಬ್ಬರೆಣ್ಣಿ ಹಚ್ಚಬೇಕು" ಎಂದಳು.

ಸರಿಯುತ್ತರ 'ಕೈ ಬಾಯಿ ತೊಳೆಯಬೇಕು' ಎಂದಿತ್ತು. ಸೊನ್ನೆ ಹಾಕಿ, ಪಕ್ಕದಲ್ಲಿ 'ಅಸಂಬದ್ಧ' ಎಂದು ಬರೆದೆ.

"ಮಳೆ ಬಂದಾಗ ಕೊಡೆ ಏಕೆ ಬೇಕು?"

"ಸೋರೂ ಕಡೆ ಇಡಾಕ."

ಮತ್ತೊಂದು ಸೊನ್ನೆ. ಒಂದು ಮನೆಯ ಚಿತ್ರ ತೋರಿಸಿ ಇದರಲ್ಲಿ ಏನು ಇಲ್ಲ ಎಂದು ಕೇಳಿದೆ. ಅದು ಇಳಿಜಾರು ಹೆಂಚಿನ ಮನೆ, ಕಿಟಕಿ ಬಿಟ್ಟು ಬಿಡಿಸಿದ್ದರು. ಅವಳು ಬಗ್ಗಿ ನೋಡಿ, "ಅಯ್ಯ, ಇದಕ್ಕ ಮ್ಯಾಳಗಿನ ಇಲ್ಲ!" ಎಂದು ನಕ್ಕಳು. ಅದಕ್ಕೂ ಸೊನ್ನೆ. ಆಮೇಲೆ ಐದು ಅಂಕಿಗಳನ್ನು ಓದಿ ಹಿಂದಿನಿಂದ ಹೇಳಲು ಹೇಳಿದಾಗ ಒಂದೂ ತಪ್ಪಿಲ್ಲದೆ ಪಟಪಟನೆ ಒಪ್ಪಿಸಿದಳು. ನನಗೆ ನಂಬಿಕೆ ಬರಲಿಲ್ಲ. 'ಹಾಳೆಯನ್ನು ಕದ್ದು ನೋಡಿರುವ ಸಂಭವವಿದೆ' ಎಂದು ಬರೆದು ಅರ್ಧ ಅಂಕ ಕೊಟ್ಟೆ.

ಎಲ್ಲ ಕೂಡಿಸಿದರೆ ಮಾನಸಿಕ ವಯಸ್ಸು ಏಳು ಬಂತು. ಏಳನ್ನು ಒಂಬತ್ತರಿಂದ ಭಾಗಿಸಿ ನೂರರಿಂದ ಗುಣಿಸಿದರೆ ಎಪ್ಪತ್ತೇಳು ಚಿಲ್ಲರೆ. ತಂಗಿಯಲ್ಲವೇ ಎಂದು ಉದಾರ ಮನಸ್ಸು ಮಾಡಿ ಎಪ್ಪತ್ತೆಂಟಕ್ಕೆ ಏರಿಸಿದೆ.

"ಅಣ್ಣಾ, ನಂಗೆಷ್ಟ ಬಿತ್ತು?"

"ಎಪ್ಪತ್ತೆಂಟು."

ಅವಳು ಕುಳಿತಲ್ಲಿಂದ ಹಾರಿದಳು. ನಮ್ಮ ಮನೆಯಲ್ಲಿ ಮೂವತ್ತೈದು ಎಂದರೆ ಪಾಸು, ಅರವತ್ತು ದಾಟಿದರೆ ಫಸ್ಟ್ ಕ್ಲಾಸ್. ಅಪ್ಪ ಕುಳಗೇರಿ ಕ್ರಾಸ್ ಹತ್ತಿರದ ಶಾಲೆಯಲ್ಲಿ ಹೆಡ್‌ಮಾಸ್ತರರು, ಅವರ ಜಗತ್ತಿನಲ್ಲಿ ಬೇರೆ ಲೆಕ್ಕವೇ ಇರಲಿಲ್ಲ. ಸ್ನಾನ ಮುಗಿಸಿ ಬಂದ ಅವರೂ ಹಿಗ್ಗಿದರು. "ಎಪ್ಪತ್ತೆಂಟು? ಫಸ್ಟ್ ಕ್ಲಾಸ್ ಬೇ! ಶಾಣ್ಯಾ ಆದಿ!" ಎಂದು ಅವಳ ತಲೆ ಸವರಿದರು. ಅವಳು ಅವ್ವನ ಕೈಯಿಂದ ಸಕ್ಕರೆ ಡಬ್ಬಿ ಕಸಿದುಕೊಂಡು ಓಣಿಗೆ ಓಡಿದಳು. ಐದಾರು ಮನೆಗೆ ಹೋಗಿ, ಒಬ್ಬೊಬ್ಬರ ಅಂಗೈ ಮೇಲೂ ಚಿಟಿಕೆ ಸಕ್ಕರೆ ಹಾಕಿ, ನನಗೆ ಫಸ್ಟ್ ಕ್ಲಾಸ್ ಬಂತು ಎಂದು ಹೇಳಿ ಬಂದಳು.

ನಾನು ಅಲ್ಲಿಗೇ ಬಾಯಿ ಮುಚ್ಚಿಕೊಂಡಿದ್ದರೆ ಆಗುತ್ತಿತ್ತು. ಒಂದು ಭಾನುವಾರದ ಸಂತೋಷ, ಸೋಮವಾರ ಎಲ್ಲರೂ ಮರೆಯುತ್ತಿದ್ದರು. ಆದರೆ ತಿಳಿದವನಿಗೆ ಸುಮ್ಮನಿರಲು ಎಲ್ಲಿ ಆಗುತ್ತದೆ? ಅಪ್ಪನನ್ನು ಕೂರಿಸಿ, ಇದು ನೂರಕ್ಕೆ ಇಷ್ಟು ಎನ್ನುವ ಲೆಕ್ಕವಲ್ಲ, ನೂರು ಎಂದರೆ ಸಾಧಾರಣ, ಎಪ್ಪತ್ತೆಂಟು ಎಂದರೆ ದಡ್ಡತನದ ಗಡಿ, ಹುಟ್ಟಿನಿಂದ ಬಂದದ್ದು, ಓದಿಸಿದರೆ ಹೆಚ್ಚಾಗುವುದಿಲ್ಲ ಎಂದೆಲ್ಲ ವಿವರಿಸಿದೆ. ಖಾಲಿ ಡಬ್ಬಿ ಹಿಡಿದು ಬಂದವಳು ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಳು.

ಅಪ್ಪ ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಬೈದು ಬಡಿದು ಓದಿಸುತ್ತಿದ್ದರು. ಅವರು ಮರುಗಿದರು. ಸಂಜೆ ಅವಳನ್ನು ಕೂರಿಸಿಕೊಂಡು ಮಗ್ಗಿ ಹೇಳಿಸುತ್ತಿದ್ದವರು ಅದನ್ನು ನಿಲ್ಲಿಸಿದರು. "ಅದರ ತಲಿಗಿ ಯಾಕ ತ್ರಾಸ ಕೊಡೂದು, ಆಡ್ಲಿ ಬಿಡು" ಎಂದರು. ಕುಳಗೇರಿ ಕ್ರಾಸಿನ ಚಹಾದಂಗಡಿಯಲ್ಲಿ ಬೇರೆ ಮಾಸ್ತರರಿಗೂ ಹೇಳಿಕೊಂಡರು, ಮಗ ಬಹಳ ಶಾಣ್ಯಾ, ಮಗಳದು ಗಡಿ ಎಂದು. ಮನೆಯಲ್ಲಿ ಅವಳಿಗೆ ಎಪ್ಪತ್ತೆಂಟು ಎಂದೇ ಅಡ್ಡಹೆಸರಾಯಿತು. ಹಾಲು ಉಕ್ಕಿದರೆ ಎಪ್ಪತ್ತೆಂಟು, ಚಿಲಕ ಮರೆತರೆ ಎಪ್ಪತ್ತೆಂಟು. ಮೊದಮೊದಲು ಅಳುತ್ತಿದ್ದಳು, ಆಮೇಲೆ ತಾನೂ ನಗಲು ಕಲಿತಳು. ಶಾಲೆಯಲ್ಲಿ ಪ್ರಶ್ನೆ ಕೇಳಿದರೆ ಎದ್ದು ನಿಂತು, "ನಂದು ಎಪ್ಪತ್ತೆಂಟ ಐತ್ರಿ ಸರ್" ಎಂದು ಕುಳಿತುಬಿಡುತ್ತಿದ್ದಳಂತೆ. ನನಗೆ ಆ ವರದಿಗೆ ತರಗತಿಯಲ್ಲೇ ಎಲ್ಲರಿಗಿಂತ ಹೆಚ್ಚು ಅಂಕ ಬಿತ್ತು.

ಎಸ್ಸೆಸ್ಸೆಲ್ಸಿಯಲ್ಲಿ ಎರಡು ವಿಷಯ ಹೋದವು. ಮತ್ತೆ ಕಟ್ಟಿಸುವ ಮಾತನ್ನು ಯಾರೂ ಎತ್ತಲಿಲ್ಲ, ಅವಳೂ ಎತ್ತಲಿಲ್ಲ. ಇಪ್ಪತ್ತಕ್ಕೆ ಇಳಕಲ್‌ಗೆ ಮದುವೆ ಮಾಡಿ ಕೊಟ್ಟೆವು. ಗಂಡ ಕಲ್ಲು ಪಾಲಿಶ್ ಮಾಡುವ ಕಾರ್ಖಾನೆಯಲ್ಲಿ ಕೆಲಸಗಾರ, ಮಾತು ಕಡಿಮೆ, ಕೈ ಜೋರು. ಅದನ್ನು ಅವಳು ನಮಗೆ ಹೇಳಲಿಲ್ಲ. ಒಂದು ಸಲ ಮೊಣಕೈ ನೋಡಿ ನಾವೇ ತಿಳಿದುಕೊಂಡೆವು. ತಿಳಿದುಕೊಂಡು ಏನೂ ಮಾಡಲಿಲ್ಲ.

ನೂರಾ ಇಪ್ಪತ್ತೆಂಟರ ಕಥೆಯನ್ನೂ ಹೇಳಿಬಿಡುತ್ತೇನೆ. ದೊಡ್ಡ ಅಧಿಕಾರಿಯಾಗುವ ಪರೀಕ್ಷೆಗೆ ಮೂರು ಸಲ ಕುಳಿತು ಮೂರು ಸಲವೂ ಮಕಾಡೆ ಬಿದ್ದು, ಹುನಗುಂದದ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತಿದ್ದೇನೆ. ಸಹೋದ್ಯೋಗಿಗಳ ಜೊತೆ ಆಗಿಬರುವುದಿಲ್ಲ. ಸ್ಕೂಟರ್ ಪಂಕ್ಚರ್ ಆದರೆ ಅದರ ಪಕ್ಕದಲ್ಲಿ ನಿಂತು ಯಾರಾದರೂ ಬರಲಿ ಎಂದು ಕಾಯುತ್ತೇನೆ. ಬುದ್ಧಿ ಎಷ್ಟಿದೆ ಎಂದು ಗೊತ್ತಿದ್ದದ್ದೇ ನನಗೆ ಮುಳುವಾಯಿತು. ಅದಕ್ಕೆ ತಕ್ಕದ್ದು ಎಂದಾದರೂ ತಾನಾಗಿ ಬರುತ್ತದೆ ಎಂದು ಕಾದು ಕುಳಿತೆ.

ತಂಗಿ ಇಳಕಲ್ ಸೀರೆಗಳಿಗೆ ಕಸೂತಿ ಹಾಕಿಕೊಡುತ್ತಾಳೆ. ಮೊದಲು ಅದನ್ನು ನಾನು ಹೊತ್ತು ಹೋಗದ ಹೆಂಗಸರ ಕೆಲಸ ಎಂದುಕೊಂಡಿದ್ದೆ. ಒಂದು ದಿನ ಸುಮ್ಮನೆ ಪಕ್ಕದಲ್ಲಿ ಕುಳಿತು ನೋಡಿದೆ. ಬಟ್ಟೆಯ ಮೇಲೆ ಗೆರೆ ಹಾಕಿಕೊಂಡಿಲ್ಲ, ಮಾದರಿ ಇಲ್ಲ. ಎಳೆ ಎಣಿಸುತ್ತಾ ಸೂಜಿ ಒಂದು ಹೊಲಿಗೆ ಬಿಟ್ಟು ಒಂದು ಹಾಕುತ್ತಾ ಗೋಪುರದ ಚಿತ್ತಾರದ ಸುತ್ತ ಹೋಗುತ್ತದೆ, ಬಿಟ್ಟದ್ದನ್ನೆಲ್ಲ ತುಂಬುತ್ತಾ ಹೊರಟಲ್ಲಿಗೇ ಮರಳಿ ಬರುತ್ತದೆ. ಗಂಟು ಹಾಕುವಂತಿಲ್ಲ, ಹಿಂದೆ ಮುಂದೆ ಎರಡೂ ಒಂದೇ ಥರ ಕಾಣಬೇಕು. ಯಾವ ದಾರಿಯಲ್ಲಿ ಹೋದರೆ ಮರಳಿ ಬರಲು ದಾರಿ ಉಳಿಯುತ್ತದೆ ಎಂಬುದು ಮೊದಲ ಹೊಲಿಗೆಗೆ ಮುಂಚೆಯೇ ತಲೆಯಲ್ಲಿರಬೇಕು. ಕಾಗದದ ಮೇಲೆ ಪೆನ್ಸಿಲ್ಲಿನಿಂದ ನಾನೂ ಪ್ರಯತ್ನಿಸಿದೆ. ಮೂರನೇ ತಿರುವಿನಲ್ಲೇ ಸಿಕ್ಕಿಹಾಕಿಕೊಂಡೆ. ಅವಳು ಒಂದು ಕೈಯಲ್ಲಿ ಸೂಜಿ ಹಿಡಿದು, ಇನ್ನೊಂದು ಕೈಯಲ್ಲಿ ಮಗಳ ತಲೆ ಸವರುತ್ತಾ ಮಾತಾಡುತ್ತಿದ್ದಳು.

ಆ ಮಗಳು ಈಗ ಐದನೇ ತರಗತಿ. ಈ ವರ್ಷ ವಸತಿ ಶಾಲೆಯ ಪ್ರವೇಶ ಪರೀಕ್ಷೆಗೆ ಅರ್ಜಿ ಕರೆದಿದ್ದರು. ಪಾಸಾದರೆ ಊಟ, ವಸತಿ, ಓದು ಎಲ್ಲ ಆಗುತ್ತದೆ, ಆ ಮನೆಯಿಂದ ಹುಡುಗಿ ಪಾರಾಗುತ್ತಾಳೆ. ಅರ್ಜಿ ತಂದಿಟ್ಟುಕೊಂಡು ತಂಗಿಗೆ ಫೋನ್ ಮಾಡಿದೆ.

"ಬ್ಯಾಡ ಅಣ್ಣಾ" ಎಂದಳು. "ನನ್ನ ತಲಿನ ಅಕಿಗೂ ಬಂದಿರತೈತಿ. ಎಪ್ಪತ್ತೆಂಟು ಅಂದ ಮ್ಯಾಲೆ ಎಪ್ಪತ್ತೆಂಟು. ಪರೀಕ್ಷಾಕ ಕುಂಡರಿಸಿ ಯಾಕ ಅಳಸೂದು?"

ಆ ಅಂಕಿಯನ್ನು ಅವಳು ತಮಾಷೆಗೆ ಹೇಳುತ್ತಾಳೆ ಎಂದು ನಾನು ಇಷ್ಟು ವರ್ಷ ತಿಳಿದಿದ್ದೆ. ಅವಳು ಅದನ್ನು ನಿಜವೆಂದೇ ನಂಬಿದ್ದಳು. ಹಳೆಯ ರೆಕಾರ್ಡ್ ಪುಸ್ತಕ ಹುಡುಕಿಕೊಂಡು ಆ ವಾರವೇ ಬಾದಾಮಿಗೆ ಹೋದೆ. ಅಪ್ಪ ಅವ್ವ ಇಬ್ಬರೂ ತೀರಿಕೊಂಡ ಮೇಲೆ ಮನೆ ಬಾಡಿಗೆಗೆ ಕೊಟ್ಟಿದ್ದೇವೆ, ಒಂದು ಕೋಣೆಯಲ್ಲಿ ಅಪ್ಪನ ಟ್ರಂಕು ಇದೆ. ರೆಕಾರ್ಡ್ ಪುಸ್ತಕವನ್ನು ಅವರು ಬಟ್ಟೆ ಸುತ್ತಿ ಜೋಪಾನವಾಗಿ ಇಟ್ಟಿದ್ದರು, ಮಗನಿಗೆ ಹೆಚ್ಚು ಅಂಕ ಬಂದ ಪುಸ್ತಕ ಎಂದು. ಅಲ್ಲೇ ನೆಲದ ಮೇಲೆ ಕುಳಿತು ಓದಿದೆ.

ಮೊದಲ ಪುಟದಲ್ಲೇ ಎಡವಿದೆ. ನಮ್ಮ ಕಡೆ ತಿಂಡಿ ಎಂದರೆ ತುರಿಕೆ. ಬೆಳಿಗ್ಗೆ ತಿನ್ನುವುದು ನಾಷ್ಟಾ. ಆ ಮಳೆಗಾಲದಲ್ಲಿ ಹುಡುಗಿಗೆ ಮೈತುಂಬ ತಿಂಡಿ ಹತ್ತಿತ್ತು, ಅವ್ವ ದಿನಾ ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದಳು. ಕೊಡೆ ಎಂದು ನಮ್ಮ ಮನೆಯಲ್ಲಿ ಯಾರೂ ಅನ್ನುತ್ತಿರಲಿಲ್ಲ, ನಮಗದು ಛತ್ರಿ. ಅವಳಿಗೆ ಕೇಳಿಸಿದ್ದು ಕೊಡ. ನಮ್ಮ ಮನೆಯ ಚಪ್ಪಟೆ ಮಣ್ಣಿನ ಮಾಳಿಗೆ ಸೋರಿದಾಗ ಕೊಡ ಇಡುವ ಕೆಲಸ ಅವಳದೇ ಆಗಿತ್ತು. ಆ ಓಣಿಯಲ್ಲಿ ಹುಟ್ಟಿದ ಮಗುವಿಗೆ ಇಳಿಜಾರು ಮನೆಯ ಚಿತ್ರ ತೋರಿಸಿದರೆ ಮಾಳಿಗೆಯೇ ಇಲ್ಲ ಎನ್ನದೆ ಇನ್ನೇನು ಅನ್ನಬೇಕು? ನಾನೂ ಅದೇ ಓಣಿಯವನು, ಅದೇ ಬೆಳಿಗ್ಗೆ ಅದೇ ಅಡುಗೆಮನೆಯಲ್ಲಿ ನಾಷ್ಟಾ ಮಾಡಿ ಬಂದು ಅವಳ ಮುಂದೆ ಕುಳಿತವನು. ಒಂದೇ ಒಂದು ಪದ ಬದಲಿಸಿ ಕೇಳಿದ್ದರೆ ಸಾಕಿತ್ತು. ನನಗೆ ಹೊಳೆಯಲಿಲ್ಲ. ನೂರಾ ಇಪ್ಪತ್ತೆಂಟಂತೆ! ಆ ಖಾಲಿ ಕೋಣೆಯಲ್ಲಿ ನನ್ನನ್ನು ನಾನೇ ಜೋರಾಗಿ ಬೈದುಕೊಂಡೆ.

ಸೊನ್ನೆಗಳನ್ನೆಲ್ಲ ತಿದ್ದಿ, ಕಸಿದುಕೊಂಡ ಅರ್ಧ ಅಂಕವನ್ನೂ ಸೇರಿಸಿ ಕೂಡಿಸಿದರೆ ಮಾನಸಿಕ ವಯಸ್ಸು ಹತ್ತು ಬಂತು. ಹತ್ತನ್ನು ಒಂಬತ್ತರಿಂದ ಭಾಗಿಸಿದೆ. ನೂರಾ ಹನ್ನೊಂದು.

ಮರುದಿನ ಇಳಕಲ್‌ಗೆ ಹೋದೆ. ಮಧ್ಯಾಹ್ನ, ಗಂಡ ಕೆಲಸಕ್ಕೆ, ಮಗಳು ಶಾಲೆಗೆ ಹೋಗಿದ್ದರು. ತಂಗಿ ಬಾಗಿಲ ಬೆಳಕಿಗೆ ಸೀರೆ ಹರವಿಕೊಂಡು ಕುಳಿತಿದ್ದಳು. ಪುಸ್ತಕ ಬಿಚ್ಚಿ ಮುಂದಿಟ್ಟೆ.

"ನಿನ್ನ ನಂಬರ ತಪ್ಪಿತ್ತಬೇ. ತಪ್ಪು ನಂದು. ನೀ ಹೇಳಿದ್ದೆಲ್ಲಾ ಸರಿ ಇತ್ತು. ಆ ಕಡೆ ಮಂದಿ ನಾಷ್ಟಾಕ್ಕ ತಿಂಡಿ ಅಂತಾರ. ನಾ ನಿನಗ ಅದನ್ನ ಹೇಳಲೇ ಇಲ್ಲ."

ಕೊಬ್ಬರಿ ಎಣ್ಣೆಯ ಉತ್ತರ ಓದಿ ಹೇಳಿದಾಗ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನಾನೂ ನಕ್ಕೆ. ಎಲ್ಲ ಸರಿಹೋಗುತ್ತದೆ ಎಂದು ಆ ಒಂದು ಗಳಿಗೆ ಅನ್ನಿಸಿತು.

"ಮತ್ತ ಖರೆ ಎಷ್ಟ ಐತಿ?"

"ನೂರಾ ಹನ್ನೊಂದು."

"ಅದು ಫಸ್ಟ್ ಕ್ಲಾಸ್ ಏನು?"

"ಹೌದು. ಫಸ್ಟ್ ಕ್ಲಾಸ್."

ಸೂಜಿ ನಿಂತಿತು. ನಾನು ಚೀಲದಿಂದ ಅರ್ಜಿ ತೆಗೆದು ಪುಸ್ತಕದ ಮೇಲೆ ಇಟ್ಟೆ.

"ಇದನ್ನ ಯಾಕ ಹೇಳಾಕ ಬಂದಿ ಅಣ್ಣಾ?" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. "ಸಾಲಿ ಬಿಟ್ಟಾಗ, ನಾ ದಡ್ಡಿ ಅದೀನಿ ಅಂತ ಸುಮ್ಮನಿದ್ದೆ. ಗಂಡ ಗೊತ್ತ ಮಾಡಿದಾಗ, ದಡ್ಡಿಗಿ ಇಷ್ಟರ ಸಿಕ್ತಲ್ಲ ಅಂತ ಸುಮ್ಮನಿದ್ದೆ. ಬಡದಾಗೂ, ಏನರ ತಪ್ಪು ಮಾಡಿರಬೇಕು, ನಂಗ ತಿಳಿದಿಲ್ಲ ಅಂತ ಸುಮ್ಮನಿದ್ದೆ. ಈಗ ಬಂದು ದಡ್ಡಿ ಅಲ್ಲ ಅಂತಿ. ಹಂಗಾರ ನಾ ಯಾಕ ಸುಮ್ಮನಿದ್ದೆ, ಹೇಳು?"

ಅರ್ಜಿಯನ್ನು ಅವಳ ಕಡೆ ಸರಿಸಿದೆ. "ಹುಡುಗಿದಾದ್ರೂ ಅರ್ಜಿ ತುಂಬೋಣು" ಎಂದೆ.

ಅವಳು ಅರ್ಜಿಯನ್ನು ಎತ್ತಿ, ಧೂಳು ತಗುಲದ ಹಾಗೆ ಮಡಚಿ, ನನ್ನ ಚೀಲದಲ್ಲಿ ಇಟ್ಟಳು. "ಬ್ಯಾಡ. ಬರದ್ರ ಅಲ್ಲಿ ಯಾರರ ಒಂದು ನಂಬರ ಕೊಡ್ತಾರ. ಅದು ತಪ್ಪಿತ್ತು ಅಂತ ಹೇಳಾಕ ಅಕಿ ಮನಿಗಿ ಎಷ್ಟ ವರ್ಷಕ್ಕ ಯಾರ ಬರ್ತಾರ? ಬರೀಲಿಲ್ಲ ಅಂದ್ರ ನಂಬರನ ಇರೂದಿಲ್ಲ."

ಹುಡುಗಿ ಶಾಲೆಯಿಂದ ಬರುವವರೆಗೂ ಕುಳಿತು ವಾದಿಸಿದೆ, ಬೇಡಿಕೊಂಡೆ, ಕೊನೆಗೆ ರೇಗಿದೆ. ಅವಳು ಮತ್ತೆ ಎಳೆ ಎಣಿಸಲು ಶುರುಮಾಡಿದ್ದಳು. ಹೊರಡುವಾಗ ಚಹಾ ಮಾಡಿಕೊಟ್ಟಳು, ಪುಸ್ತಕ ಮರೆತು ಹೋಗಬೇಡ ಎಂದು ನೆನಪಿಸಿದಳು.

ಅರ್ಜಿಗೆ ಶನಿವಾರ ಕೊನೆಯ ದಿನವಿತ್ತು. ತುಂಬದ ಅರ್ಜಿ ಚೀಲದಲ್ಲೇ ಇತ್ತು. ಆ ಶನಿವಾರ ನಾನು ಹುನಗುಂದದ ಶಾಲೆಯ ಸ್ಟಾಫ್ ರೂಮಿನಲ್ಲಿ, ಕೆಂಪು ಪೆನ್ನು ಹಿಡಿದು, ಒಂಬತ್ತನೇ ತರಗತಿಯ ಉತ್ತರಪತ್ರಿಕೆಗಳಿಗೆ ಅಂಕ ಹಾಕುತ್ತಾ ಕುಳಿತಿದ್ದೆ.