ಹಿತ್ತಲ ಮದ್ದು

ಮೊನ್ನೆ ಕೋಲಾರದ ಮಾರುಕಟ್ಟೆಗೆ ಟೊಮೇಟೊ ಹಾಕಿ ಬಸ್ಸಿನಲ್ಲಿ ಹಿಂದಿರುಗುವಾಗ ಕಿಟಕಿಯಿಂದ ಬೇಯಿಸಿದ ರೇಷ್ಮೆಗೂಡಿನ ವಾಸನೆ ನುಗ್ಗಿತು. ಪಕ್ಕದಲ್ಲಿದ್ದ ಹುಡುಗಿ ದುಪಟ್ಟಾದಿಂದ ಮೂಗು ಮುಚ್ಚಿಕೊಂಡಳು. ಅವಳ ತಪ್ಪೇನಿಲ್ಲ, ಬೆಂದ ಹುಳು ಮಲ್ಲಿಗೆಯಂತೆ ಘಮಘಮಿಸುತ್ತದೆಯೇ? ನಾನು ಮಾತ್ರ ಕಿಟಕಿಯನ್ನು ಇನ್ನಷ್ಟು ಸರಿಸಿದೆ. ಹೋಳೂರಿನ ನಮ್ಮ ಎದುರುಮನೆಯ ದೊಡ್ಡಮ್ಮ ನೆನಪಾದಳು.

ಸ್ವಂತ ದೊಡ್ಡಮ್ಮನಲ್ಲ, ಬೀದಿಗೆಲ್ಲ ದೊಡ್ಡಮ್ಮ. ಗಂಡ ತೀರಿಕೊಂಡ ಮೇಲೆ ಹಿತ್ತಲ ಶೆಡ್ಡಿನಲ್ಲಿ ಚರಕ ಹಾಕಿಕೊಂಡು, ಗೂಡು ಬೇಯಿಸಿ ರೇಷ್ಮೆ ನೂಲು ತೆಗೆದು, ಒಬ್ಬನೇ ಮಗನನ್ನು ಓದಿಸಿದವಳು. ಬಿಸಿನೀರಿನಲ್ಲಿ ಅದ್ದಿ ಅದ್ದಿ ಅವಳ ಬೆರಳುಗಳು ಸದಾ ಬಿಳಿಚಿಕೊಂಡಿರುತ್ತಿದ್ದವು. ಇನ್ನು ಬಾಯಿ... ಅದರ ಬಿಸಿಯ ಮುಂದೆ ಆ ಕುದಿನೀರು ಏನೇನೂ ಅಲ್ಲ. ಮಗ ನನ್ನ ಜೊತೆ ಓದಿದವನು. ನಾನು ಅಪ್ಪನ ಹೊಲದಲ್ಲಿ ಟೊಮೇಟೊ ಹಾಕಿಕೊಂಡು ಉಳಿದೆ, ಅವನು ಸೈನ್ಯ ಸೇರಿ ಫಿರಂಗಿ ದಳಕ್ಕೆ ಹೋದ.

ಅವನು ರಜಕ್ಕೆ ಬಂದಾಗಲೆಲ್ಲ ತಾಯಿ ಮಗನಿಗೆ ಒಂದೇ ಜಗಳ. ಫಿರಂಗಿಯ ಶೆಲ್ಲು, ಮದ್ದುಗುಂಡು ಎಲ್ಲವನ್ನೂ ದೇಶದಲ್ಲೇ ಮಾಡಬೇಕೋ, ಹೊರದೇಶದಿಂದ ತರಿಸಬೇಕೋ ಎಂದು ಟಿವಿಯಲ್ಲಿ ಕೋಟು ತೊಟ್ಟವರು ಕಿತ್ತಾಡುತ್ತಿದ್ದರು. ಅದೇ ಕಿತ್ತಾಟ ಜಗಲಿಯ ಮೇಲೆ ಕೋಟಿಲ್ಲದೆ ಮುಂದುವರಿಯುತ್ತಿತ್ತು.

"ಹಿತ್ತಲ ಗಿಡ ಮದ್ದಲ್ಲ ಕಣಮ್ಮ" ಎಂದು ಮಗ ಕೆಣಕುತ್ತಿದ್ದ. ಗಿಡದ ಮದ್ದಿನಿಂದ ಫಿರಂಗಿಯ ಮದ್ದಿಗೆ ಗಾದೆಯನ್ನು ಎಳೆದುಕೊಂಡು ಬಂದದ್ದಕ್ಕೆ ಅವನಿಗೇ ನಗು. ನಮ್ಮಲ್ಲಿ ಮಾಡಿದ್ದು ಬಹುಪಾಲು ಚೆನ್ನಾಗಿಯೇ ಇರುತ್ತದಂತೆ. ಆದರೆ ಶೆಲ್ಲಿನ ಕೆಲವು ಪೆಟ್ಟಿಗೆ ತೆರೆದಾಗ ದಳದ ಹುಡುಗರು ಸ್ವಲ್ಪ ಹಿಂದೆ ಸರಿದು ನಿಲ್ಲುತ್ತಾರಂತೆ.

ದೊಡ್ಡಮ್ಮನಿಗೆ ಸಿಟ್ಟು ಬಂದರೆ ತೆಲುಗು ಬರುತ್ತಿತ್ತು. "ಮನದಿ ಮನದೇ! ನಮ್ದು ನಮ್ದೇ ಕಣೋ. ಚೀನಾ ರೇಷ್ಮೆ ಅಗ್ಗ ಅಂತ ತಂದ್ರು, ನಮ್ಮ ಬೀದಿ ಒಲೆ ಎಲ್ಲ ಆರೋದ್ವು. ಆಮೇಲೆ ಅವ್ನು ರೇಟು ಏರಿಸ್ದ. ಆರಿದ್ ಒಲೆ ಹಚ್ಚೋರು ಯಾರಿದ್ರು? ನಾಳೆ ಯುದ್ಧದಾಗ ಕೊಡಲ್ಲ ಅಂದ್ರೆ ಫಿರಂಗಿಗೆ ಏನ್ಲಾ ತುರುಕ್ತೀಯ, ನಿನ್ ತಲೆನಾ?"

ಅದೂ ನಿಜ ಎಂದು ಅವನು ಒಪ್ಪುತ್ತಿದ್ದ. ಹೊರಗಿನ ಸರಕು ತಡವಾದಾಗ ಅಭ್ಯಾಸಕ್ಕೂ ಶೆಲ್ಲುಗಳನ್ನು ಕೈ ಬಿಗಿಹಿಡಿದು ಕೊಡುತ್ತಿದ್ದುದನ್ನು ಕಂಡಿದ್ದ. ಆದರೆ ದೊಡ್ಡಮ್ಮನ ದೊಡ್ಡ ವಾದ ಬೇರೆಯೇ ಇತ್ತು. ಅವಳ ನೂಲು ಮಗ್ಗದಲ್ಲಿ ತುಂಡಾದರೆ ನೇಯುವವನು ಇಲ್ಲಿಗೇ ಬಂದು, ನೂಲಿನ ಲಡಿಯನ್ನು ಜಗಲಿಯ ಮೇಲೆ ಎಸೆದು, ಬೈದು ಹೋಗುತ್ತಿದ್ದ. ಅವಳೂ ತಿರುಗಿ ಬೈದು, ಆಮೇಲೆ ಬೇರೆ ನೂಲು ತೆಗೆದುಕೊಡುತ್ತಿದ್ದಳು. "ನಮ್ಮೋನಾದ್ರೆ ಬಾಗ್ಲು ಗೊತ್ತಿರ್ತದೆ, ಹೋಗಿ ಬೈಬೋದು" ಎನ್ನುತ್ತಿದ್ದಳು. ಅಲ್ಲಿಗೆ ವಾದ ಮುಗಿದು ಊಟಕ್ಕೆ ಏಳುತ್ತಿದ್ದರು.

ಒಂದು ಬೇಸಿಗೆಯಲ್ಲಿ, ಅವನ ದಳದ ಅಭ್ಯಾಸದ ವೇಳೆ, ಶೆಲ್ಲು ಫಿರಂಗಿಯ ನಳಿಕೆಯೊಳಗೇ ಸಿಡಿಯಿತು. ಇಲ್ಲೇ, ನಮ್ಮ ದೇಶದಲ್ಲೇ ಮಾಡಿದ ಶೆಲ್ಲು. ಅವನ ಪಕ್ಕದಲ್ಲಿದ್ದ ಹುಡುಗ ಉಳಿಯಲಿಲ್ಲ. ಇವನ ಬಲಗೈ ಮೊಣಕೈವರೆಗೆ ಹೋಯಿತು, ಕಿವಿ ಹೆಚ್ಚುಕಡಿಮೆ ಪೂರ್ತಿ ಹೋಯಿತು. ಆಸ್ಪತ್ರೆ, ಪಿಂಚಣಿ ಯಾವುದಕ್ಕೂ ಕೊರತೆಯಾಗಲಿಲ್ಲ. ಅವನ ದಳದವರು ಮನೆಗೆ ಬಂದು ತಲೆ ತಗ್ಗಿಸಿ ಕುಳಿತು ಹೋದರು. ತಪ್ಪು ಯಾರದು ಎಂದರೆ, ವಿಚಾರಣೆ ನಡೆಯುತ್ತಿದೆ... ಅಷ್ಟೇ.

ದೊಡ್ಡಮ್ಮನಿಗೆ ಬೇಕಾಗಿದ್ದದ್ದು ಒಂದೇ. ಅದನ್ನು ಮಾಡಿದವರು ಮಗನ ಮುಂದೆ ನಿಂತು, ತಪ್ಪಾಯಿತು ಅನ್ನಬೇಕು. ಮಾಲೂರಿನ ಕೈಗಾರಿಕಾ ಪ್ರದೇಶದಲ್ಲಿ ಶೆಲ್ಲಿನ ಕೆಲಸ ಮಾಡುವ ಕಾರ್ಖಾನೆ ಇದೆಯೆಂದು ಯಾರೋ ಹೇಳಿದರು. ಅದು ಇವರೇ ಮಾಡಿದ್ದೆಂದು ಏನು ಖಾತ್ರಿ ಎಂದೆ. "ನಮ್ಮೋರೇ ತಾನೆ? ನಡಿ" ಎಂದಳು. ದಾರಿಯುದ್ದಕ್ಕೂ ಅವಳ ತುಟಿ ಅಲ್ಲಾಡುತ್ತಿತ್ತು, ಬೈಗುಳ ಜೋಡಿಸಿಕೊಳ್ಳುತ್ತಿದ್ದಳು.

ಗೇಟಿನವನು ಒಳ್ಳೆಯವನು, ಕೂರಲು ಸ್ಟೂಲು ಕೊಟ್ಟ. ಸೂಪರ್‌ವೈಸರ್ ಹೊರಗೆ ಬಂದು ಸಮಾಧಾನವಾಗಿಯೇ ವಿವರಿಸಿದ. ಇಲ್ಲಿ ಶೆಲ್ಲಿನ ಕಬ್ಬಿಣದ ಖಾಲಿ ಚಿಪ್ಪನ್ನು ಲೇತ್ ಯಂತ್ರದಲ್ಲಿ ಕಡೆಯುವುದಷ್ಟೇ. ಮದ್ದು ತುಂಬುವವರು ಬೇರೆ ರಾಜ್ಯದವರು, ಸಿಡಿಸುವ ಫ್ಯೂಸು ಮಾಡುವವರು ಇನ್ನೆಲ್ಲಿಯವರೋ, ಪರೀಕ್ಷೆ ಮಾಡಿ ಮುದ್ರೆ ಒತ್ತುವವರು ಮತ್ತೊಬ್ಬರು. ನಿಮ್ಮ ಮಗನ ಫಿರಂಗಿಯ ಅಳತೆಯದನ್ನು ನಾವು ಮಾಡುವುದೇ ಇಲ್ಲ ಎಂದ. ಅವನಾದರೂ ಒಂದಿಷ್ಟು ದರ್ಪ ತೋರಿಸಿದ್ದರೆ ದೊಡ್ಡಮ್ಮನಿಗೆ ಅನುಕೂಲವಾಗುತ್ತಿತ್ತು.

"ನೂಲಾದ್ರೆ ನಂದೊಂದೇ ಕೈ" ಎಂದಳು ನನ್ನ ಕಡೆ ತಿರುಗಿ. "ಇದುಕ್ಕೆ ಎಷ್ಟ್ ಕೈಯೋ..."

ಅಷ್ಟರಲ್ಲಿ ಶಿಫ್ಟ್ ಬಿಟ್ಟು ಹೆಂಗಸರು ಹೊರಗೆ ಬಂದರು. ದೇವರಾಯಸಮುದ್ರದ ಕಡೆಯವಳೊಬ್ಬಳು ನಿಂತು, ಏನಾಯಿತಮ್ಮ ಎಂದು ತೆಲುಗಿನಲ್ಲೇ ವಿಚಾರಿಸಿದಳು. ದೊಡ್ಡಮ್ಮ ಹೇಳಿದ್ದನ್ನು ಕೇಳಿ ಆ ಹೆಂಗಸೇ ಗಳಗಳ ಅತ್ತುಬಿಟ್ಟಳು. ಅವಳ ತಮ್ಮನೂ ಸೈನ್ಯದಲ್ಲಿದ್ದನಂತೆ. ಕೈಗೆ ಬಂದ ಒಂದೊಂದು ಚಿಪ್ಪನ್ನೂ ಅವನಿಗೇ ಹೋಗುತ್ತದೆ ಎಂದುಕೊಂಡೇ ಕಡೆಯುತ್ತೇನೆ ಎಂದಳು. ಬೈಯಲು ಬಂದ ದೊಡ್ಡಮ್ಮ ಸೆರಗಿನಿಂದ ಅವಳ ಕಣ್ಣು ಒರೆಸಿದಳು. ಹಿಂದಿರುಗಲು ಕೋಲಾರದ ಬಸ್ಸು ಹತ್ತಿದೆವು. ನನಗೆ ಕೆಟ್ಟ ಕೋಪ ಬಂದಿತ್ತು, ಯಾರ ಮೇಲೆ ಎಂದು ಗೊತ್ತಾಗಲಿಲ್ಲ.

ಮನೆಯಲ್ಲಿ ಮಗ ಕಾಯುತ್ತಿದ್ದ. ಏನಂದರು ಎಂದು ಕೇಳಿದ. ದೊಡ್ಡಮ್ಮ ಅವನ ಕಿವಿಗೆ ಬಾಯಿಟ್ಟು, "ತಪ್ಪಾಯ್ತು ಅಂದ್ರು ಕಣೋ" ಎಂದು ಕೂಗಿದಳು. ಹಾಗೆಯೇ ನನ್ನ ಮುಖ ನೋಡಿದಳು. ನಾನೂ ತಲೆಯಾಡಿಸಿದೆ. ಆಸ್ಪತ್ರೆಯಿಂದ ಬಂದ ಮೇಲೆ ಅವನು ಮುದ್ದೆಯನ್ನು ಪೂರ್ತಿ ಉಂಡದ್ದು ಅವತ್ತೇ.

ಆಮೇಲೆ ದೊಡ್ಡಮ್ಮ "ಮನದಿ ಮನದೇ" ಎಂದದ್ದನ್ನು ನಾನು ಕೇಳಲಿಲ್ಲ. ಹೊರಗಿನದೇ ಮೇಲು ಎಂದೂ ಅನ್ನಲಿಲ್ಲ. ಟಿವಿಯಲ್ಲಿ ಆ ಮಾತು ಬಂದರೆ ಎದ್ದು ಶೆಡ್ಡಿಗೆ ಹೋಗಿಬಿಡುತ್ತಿದ್ದಳು. ಹೋದ ವರ್ಷ ತೀರಿಕೊಂಡಳು. ವಾದ ಇನ್ನೂ ನಡೆದೇ ಇದೆ. ಇಲ್ಲೇ ಮಾಡಬೇಕು ಎಂದೇ ನನಗೂ ಅನ್ನಿಸುತ್ತದೆ. ಅನ್ನಿಸಿದಾಗಲೆಲ್ಲ ಅವಳ ಮಗನ ಮೊಂಡುತೋಳು ಕಣ್ಣಿಗೆ ಬಂದು, ಬಾಯಿಗೆ ಬಂದ ಮಾತು ಅಲ್ಲೇ ನಿಲ್ಲುತ್ತದೆ.

ಮೊನ್ನೆ ಬಸ್ಸಿಳಿದು ಹೋದಾಗ ಅವನು ಜಗಲಿಯ ಮೇಲೆ ಕುಳಿತಿದ್ದ. ಅಮ್ಮ ಇದ್ದಷ್ಟು ದಿನ ಕೇಳದಿದ್ದುದನ್ನು ಕೇಳಿದ. "ಲೇ, ಅವತ್ತು ಮಾಲೂರಾಗೆ ನಿಜವಾಗ್ಲೂ ತಪ್ಪಾಯ್ತು ಅಂದ್ರಾ?"

ಅವನಿಗೆ ಮೆಲ್ಲಗೆ ಹೇಳಿದರೆ ಕೇಳಿಸುವುದಿಲ್ಲ. ಪಿಸುಗುಟ್ಟುವ ಸುಳ್ಳಾದರೆ ಹೇಗೋ ಹೇಳಿಬಿಡಬಹುದು, ಇದನ್ನು ಬೀದಿಗೆಲ್ಲ ಕೇಳುವ ಹಾಗೆ ಹೇಳಬೇಕು. ಕಿವಿಯ ಹತ್ತಿರ ಬಗ್ಗಿ, "ಅಂದ್ರು ಕಣೋ" ಎಂದು ಕೂಗಿದೆ.

"ಯಾರು?" ಎಂದ.

ಅದಕ್ಕೆ ಉತ್ತರ ಹೇಳಲು ದೊಡ್ಡಮ್ಮ ಇರಬೇಕಿತ್ತು.